ಕರೆಂಟ್ ಹೋಗಿ ಬಂದಮೇಲೆ ಪ್ರಿಂಟರ್ ಡ್ರೈವರ್ ಅಳಿಸಿಹೋಗುತ್ತದೆಯೇ? ಲಿನಕ್ಸ್ ಮಿಂಟ್‌ನಲ್ಲಿ ಸ್ಕ್ಯಾನರ್ ಕೂಡ ಕಾಣುತ್ತಿಲ್ಲ

ಪ್ರಶ್ನೆ (ತೀರ್ಥಹಳ್ಳಿ ತಾಲ್ಲೂಕಿನಿಂದ)

ಎಲ್ಲರಿಗೂ ನಮಸ್ಕಾರ. ತೀರ್ಥಹಳ್ಳಿಯಿಂದ ಆಗುಂಬೆಗೆ ಹೋಗುವ ರಸ್ತೆಯ ಬದಿಯಲ್ಲಿ ನಮ್ಮದೊಂದು ಸಣ್ಣ ಜೆರಾಕ್ಸ್ ಮತ್ತು ಟೈಪಿಂಗ್ ಅಂಗಡಿಯಿದೆ. ಪಹಣಿಯ ಪ್ರತಿ, ಜಾತಿ ಮತ್ತು ಆದಾಯ ಪ್ರಮಾಣಪತ್ರದ ಅರ್ಜಿ, ಮಕ್ಕಳ ವಿದ್ಯಾರ್ಥಿವೇತನದ ಕಾಗದಪತ್ರ, ಇವೇ ನಮ್ಮ ದಿನನಿತ್ಯದ ಕೆಲಸ. ಅಂಗಡಿಯ ಹಳೆಯ ಕಂಪ್ಯೂಟರಿಗೆ ಕಳೆದ ವರ್ಷ ವಿಂಡೋಸ್‌ನಂಥದೇ ಇನ್ನೊಂದು ಕಾರ್ಯಾಚರಣಾ ವ್ಯವಸ್ಥೆಯಾದ ಲಿನಕ್ಸ್ ಮಿಂಟ್ ಹಾಕಿಸಿದೆವು. ಕನ್ನಡ ಟೈಪಿಂಗ್, ಬ್ರೌಸರ್, ಲಿಬ್ರೆಆಫೀಸ್ ಎಲ್ಲವೂ ಚೆನ್ನಾಗಿ ನಡೆಯುತ್ತಿವೆ. ತೊಂದರೆ ಇರುವುದು ಯುಎಸ್‌ಬಿ ತಂತಿಯಿಂದ ಜೋಡಿಸಿರುವ ಒಂದು ಸಣ್ಣ ಲೇಸರ್ ಪ್ರಿಂಟರಿನದ್ದು.

ಡ್ರೈವರನ್ನು ಹೊಸದಾಗಿ ಹಾಕಿದ ದಿನ ಪ್ರಿಂಟ್ ಸರಿಯಾಗಿ ಬರುತ್ತದೆ. ಮಳೆಗಾಲದಲ್ಲಿ ನಮ್ಮ ಕಡೆ ಕರೆಂಟ್ ಹೇಗೆ ಇರುತ್ತದೆ ಎಂಬುದು ನಿಮಗೆಲ್ಲ ಗೊತ್ತಿರುವುದೇ. ಕಂಪ್ಯೂಟರ್ ಯುಪಿಎಸ್ ಮೇಲೆ ಇರುವುದರಿಂದ ಅದಕ್ಕೇನೂ ಆಗುವುದಿಲ್ಲ, ಆದರೆ ಪ್ರಿಂಟರ್ ಮಾತ್ರ ಆರಿ ಮತ್ತೆ ಹತ್ತುತ್ತದೆ. ಹತ್ತಿದ ಮೇಲೆ ಕೊಟ್ಟ ಯಾವ ಕಡತವೂ ಮುದ್ರಣವಾಗುವುದಿಲ್ಲ. ಪ್ರಿಂಟರಿನ ದೀಪ ಉರಿಯುತ್ತಿರುತ್ತದೆ, ಕಂಪ್ಯೂಟರಿನ ಪಟ್ಟಿಯಲ್ಲಿ ಅದರ ಹೆಸರೂ ಇರುತ್ತದೆ, ಆದರೂ ಕೆಲಸಗಳು ಸಾಲಿನಲ್ಲಿ ನಿಂತುಬಿಡುತ್ತವೆ. ಡ್ರೈವರನ್ನು ತೆಗೆದು ಮತ್ತೆ ಹಾಕಿದರೆ ಮಾತ್ರ ಸರಿಹೋಗುತ್ತದೆ. ಹೀಗೆ ಹಾಕಿ ಹಾಕಿ ಪಟ್ಟಿಯಲ್ಲಿ ಒಂದೇ ಪ್ರಿಂಟರಿನ ನಾಲ್ಕು ಹೆಸರುಗಳು ಸೇರಿಕೊಂಡಿವೆ. ಕರೆಂಟ್ ಹೋದಾಗಲೆಲ್ಲ ಡ್ರೈವರ್ ಅಳಿಸಿಹೋಗುತ್ತದೆಯೇ?

ಇದರ ಜೊತೆಗೆ ಪ್ರತ್ಯೇಕವಾದ ಒಂದು ಚಪ್ಪಟೆ ಸ್ಕ್ಯಾನರ್ ಇದೆ. ಅದಕ್ಕೆ ಬೇರೆ ವಿದ್ಯುತ್ ತಂತಿಯಿಲ್ಲ, ಯುಎಸ್‌ಬಿಯಿಂದಲೇ ನಡೆಯುತ್ತದೆ. ‘ಡಾಕ್ಯುಮೆಂಟ್ ಸ್ಕ್ಯಾನರ್’ ತೆರೆದರೆ ಯಾವ ಸ್ಕ್ಯಾನರೂ ಇಲ್ಲ ಎನ್ನುತ್ತದೆ. ಪ್ರಿಂಟರ್ ಡ್ರೈವರಿನ ಜೊತೆಗೇ ಸ್ಕ್ಯಾನರಿನದೂ ಬಂದಿರಬೇಕಲ್ಲವೇ? ದೂರದಿಂದ ನಡೆದು ಬಂದವರನ್ನು ‘ನಾಳೆ ಬನ್ನಿ’ ಎಂದು ಕಳುಹಿಸಲು ಮನಸ್ಸು ಒಪ್ಪುವುದಿಲ್ಲ. ದಯವಿಟ್ಟು ತಿಳಿದವರು ದಾರಿ ತೋರಿಸಿ.

ಉತ್ತರ 1 (ಶಿವಮೊಗ್ಗದಿಂದ)

ನಮಸ್ಕಾರ. ಮೊದಲು ಒಂದು ಮಾತನ್ನು ಸ್ಪಷ್ಟಪಡಿಸುತ್ತೇನೆ: ಡ್ರೈವರ್ ಅಳಿಸಿಹೋಗುತ್ತಿಲ್ಲ. ಅದು ಪ್ರಿಂಟರನ್ನು ನಡೆಸಲು ಕಂಪ್ಯೂಟರಿನ ಡಿಸ್ಕ್‌ನಲ್ಲಿ ಇರುವ ತಂತ್ರಾಂಶ, ಪ್ರಿಂಟರಿನ ಕರೆಂಟ್ ಹೋದರೆ ಅದಕ್ಕೆ ಏನೂ ಆಗುವುದಿಲ್ಲ. ಅಳಿಸಿಹೋಗುತ್ತಿರುವುದು ಪ್ರಿಂಟರಿನ ಒಳಗಿನ ಫರ್ಮ್‌ವೇರ್, ಅಂದರೆ ಯಂತ್ರವು ತನ್ನೊಳಗೇ ನಡೆಸುವ ತಂತ್ರಾಂಶ.

ನೀವು ಪ್ರಿಂಟರಿನ ಮಾದರಿಯನ್ನು ಬರೆದಿಲ್ಲ, ಆದರೆ ಲಕ್ಷಣಗಳನ್ನು ನೋಡಿದರೆ ಅದು ಎಚ್‌ಪಿ ಲೇಸರ್‌ಜೆಟ್ 1020, ಪಿ1007, ಪಿ1008 ಇವುಗಳ ಗುಂಪಿಗೆ ಸೇರಿದ್ದಿರಬೇಕು. ಈ ಯಂತ್ರಗಳು ತಮ್ಮ ಫರ್ಮ್‌ವೇರನ್ನು ಶಾಶ್ವತವಾಗಿ ಇಟ್ಟುಕೊಳ್ಳುವುದಿಲ್ಲ. ಪ್ರತಿ ಸಲ ಹತ್ತಿದಾಗಲೂ ಕಂಪ್ಯೂಟರು ಅದನ್ನು ಯುಎಸ್‌ಬಿ ಮೂಲಕ ಕಳುಹಿಸಿಕೊಡಬೇಕು, ಆಮೇಲಷ್ಟೇ ಅವು ಮುದ್ರಣಕ್ಕೆ ಸಿದ್ಧವಾಗುತ್ತವೆ. ಡ್ರೈವರನ್ನು ಮತ್ತೆ ಹಾಕುವಾಗ ಫರ್ಮ್‌ವೇರ್ ಕೂಡ ಪ್ರಿಂಟರಿಗೆ ತಲುಪುವುದರಿಂದ ನಿಮಗೆ ಡ್ರೈವರೇ ಸರಿಹೋದಂತೆ ಕಂಡಿದೆ. ಆಜ್ಞೆಗಳನ್ನು ಟರ್ಮಿನಲ್ ಎಂಬ ಆಜ್ಞೆ ಬರೆಯುವ ಕಿಟಕಿಯಲ್ಲಿ ಇಂಗ್ಲಿಷ್ ಸಣ್ಣಕ್ಷರಗಳಲ್ಲಿ ಟೈಪ್ ಮಾಡಬೇಕು ಎಂಬುದು ನೆನಪಿರಲಿ. ‘ಎಲ್‌ಎಸ್‌ಯುಎಸ್‌ಬಿ’ ಎಂಬ ಆಜ್ಞೆ ಕೊಟ್ಟರೆ ಜೋಡಿಸಿರುವ ಯಂತ್ರಗಳ ಪಟ್ಟಿ ಬರುತ್ತದೆ, ಮಾದರಿಯ ಹೆಸರನ್ನು ಅಲ್ಲಿ ಖಚಿತಪಡಿಸಿಕೊಳ್ಳಿ.

ಈಗ ಮಾಡಬೇಕಾದ ಕೆಲಸ. ಪಟ್ಟಿಯಲ್ಲಿರುವ ನಾಲ್ಕೂ ಹೆಸರುಗಳನ್ನು ತೆಗೆದುಹಾಕಿ. ಈ ಮಾದರಿಗಳಿಗೆ ಎಚ್‌ಪಿಲಿಪ್ ಎಂಬುದೊಂದು, ಫೂ2ಝೆಡ್‌ಜೆಎಸ್ ಎಂಬುದು ಇನ್ನೊಂದು, ಹೀಗೆ ಎರಡು ಡ್ರೈವರುಗಳು ಸಿಗುತ್ತವೆ. ಎರಡನ್ನೂ ಹಾಕಿದರೆ ಫರ್ಮ್‌ವೇರ್ ಕಳುಹಿಸುವ ಕೆಲಸಕ್ಕೆ ಇಬ್ಬರೂ ಕೈ ಹಾಕಿ ಗೊಂದಲವಾಗುತ್ತದೆ, ಆದ್ದರಿಂದ ಒಂದನ್ನೇ ಇಟ್ಟುಕೊಳ್ಳಿ. ಮಿಂಟ್‌ನಲ್ಲಿ ಎಚ್‌ಪಿಲಿಪ್ ಮೊದಲೇ ಇರುವುದರಿಂದ ಅದೇ ಸುಲಭ. ಆದರೆ ಫರ್ಮ್‌ವೇರ್ ಮುಕ್ತ ತಂತ್ರಾಂಶವಲ್ಲದ ಕಾರಣ ಎಚ್‌ಪಿಲಿಪ್ ಪೊಟ್ಟಣದೊಳಗೆ (ಪೊಟ್ಟಣವೆಂದರೆ ಒಟ್ಟಾಗಿ ಹಾಕಿಕೊಳ್ಳುವ ತಂತ್ರಾಂಶದ ಕಟ್ಟು) ಅದು ಇರುವುದಿಲ್ಲ. ಇಂಟರ್‌ನೆಟ್ ಇರುವಾಗ ‘ಎಚ್‌ಪಿ-ಪ್ಲಗಿನ್’ ಎಂಬ ಆಜ್ಞೆ ಕೊಟ್ಟು ಅದನ್ನು ಬೇರೆಯಾಗಿ ಇಳಿಸಿಕೊಳ್ಳಬೇಕು. ಆಮೇಲೆ ‘ಎಚ್‌ಪಿ-ಸೆಟಪ್’ ಕೊಟ್ಟು ಪ್ರಿಂಟರನ್ನು ಒಂದೇ ಒಂದು ಸಲ ಸೇರಿಸಿ. ಇಷ್ಟಾದರೆ ಪ್ರಿಂಟರ್ ಆರಿ ಹತ್ತಿದಾಗಲೆಲ್ಲ ವ್ಯವಸ್ಥೆಯು ಅದನ್ನು ಗುರುತಿಸಿ ಫರ್ಮ್‌ವೇರನ್ನು ತಾನೇ ಕಳುಹಿಸುತ್ತದೆ. ಎಂದಾದರೂ ತಪ್ಪಿದರೆ ‘ಎಚ್‌ಪಿ-ಫರ್ಮ್‌ವೇರ್’ ಎಂಬ ಆಜ್ಞೆಯಿಂದ ಕೈಯಾರೆ ಕಳುಹಿಸಬಹುದು.

ಹೀಗೆ ಬೇರೆಯಾಗಿ ಇಳಿಸಿಕೊಂಡ ಭಾಗವಾದ ಪ್ಲಗಿನ್‌ನ ಆವೃತ್ತಿಯೂ ಎಚ್‌ಪಿಲಿಪ್‌ನ ಆವೃತ್ತಿಯೂ ಒಂದೇ ಆಗಿರಬೇಕು. ಮುಂದೆ ಮಿಂಟ್ ಅನ್ನು ಹೊಸ ಆವೃತ್ತಿಗೆ ಏರಿಸಿದಾಗ ಎಚ್‌ಪಿಲಿಪ್ ಬದಲಾಗುತ್ತದೆ, ಹಳೆಯ ಪ್ಲಗಿನ್ ಹೊಂದುವುದಿಲ್ಲ. ಆ ದಿನ ಮತ್ತೊಮ್ಮೆ ‘ಎಚ್‌ಪಿ-ಪ್ಲಗಿನ್’ ನಡೆಸಿದರೆ ಸಾಕು, ಉಳಿದದ್ದನ್ನು ಮುಟ್ಟಬೇಡಿ.

ಇನ್ನು ಸಾಲಿನಲ್ಲಿ ನಿಂತ ಕೆಲಸಗಳ ವಿಷಯ. ಲಿನಕ್ಸ್‌ನಲ್ಲಿ ಮುದ್ರಣದ ಸಾಲನ್ನು ನೋಡಿಕೊಳ್ಳುವುದು ಕಪ್ಸ್ ಎಂಬ ವ್ಯವಸ್ಥೆ. ಬ್ರೌಸರಿನ ವಿಳಾಸಪಟ್ಟಿಯಲ್ಲಿ ಲೋಕಲ್‌ಹೋಸ್ಟ್, ವಿವರಣಚಿಹ್ನೆ (:), 631 ಎಂದು ಜಾಗ ಬಿಡದೆ ಟೈಪ್ ಮಾಡಿದರೆ ಅದರ ಪುಟ ತೆರೆಯುತ್ತದೆ. ಅಲ್ಲಿ ನಿಮ್ಮ ಪ್ರಿಂಟರಿನ ಮುಂದೆ ‘ಪಾಸ್ಡ್’ ಎಂದಿದ್ದರೆ, ಯಂತ್ರ ಸಿದ್ಧವಾಗಿದ್ದರೂ ಕಪ್ಸ್ ಕೆಲಸ ಕಳುಹಿಸುವುದಿಲ್ಲ, ‘ರೆಸ್ಯೂಮ್’ ಒತ್ತಬೇಕು. ಅದೇ ಪುಟದಲ್ಲಿ ಪ್ರಿಂಟರಿನ ‘ಎರರ್ ಪಾಲಿಸಿ’ ಎಂಬುದನ್ನು ನೋಡಿ. ಅದು ‘ಸ್ಟಾಪ್-ಪ್ರಿಂಟರ್’ ಎಂದಿದ್ದರೆ ಒಂದು ಸಲ ತಪ್ಪಿದೊಡನೆ ಇಡೀ ಸಾಲು ನಿಲ್ಲುತ್ತದೆ. ‘ರಿಟ್ರೈ-ಜಾಬ್’ ಎಂದು ಬದಲಾಯಿಸಿದರೆ ಸ್ವಲ್ಪ ಹೊತ್ತು ಬಿಟ್ಟು ತಾನೇ ಮತ್ತೆ ಪ್ರಯತ್ನಿಸುತ್ತದೆ. ಕರೆಂಟ್ ಪದೇ ಪದೇ ಹೋಗುವ ಊರುಗಳಲ್ಲಿ ಎರಡನೆಯದೇ ಸರಿ ಎಂಬುದು ನನ್ನ ಖಚಿತ ಅಭಿಪ್ರಾಯ.

ಪ್ರಿಂಟರನ್ನೂ ಯುಪಿಎಸ್‌ಗೆ ಜೋಡಿಸೋಣ ಎಂದು ಯಾರಾದರೂ ಹೇಳಿದರೆ ದಯವಿಟ್ಟು ಕೇಳಬೇಡಿ. ಲೇಸರ್ ಪ್ರಿಂಟರು ಟೋನರನ್ನು ಕಾಗದಕ್ಕೆ ಕಾಯಿಸಿ ಅಂಟಿಸುವಾಗ ಬಹಳ ವಿದ್ಯುತ್ತನ್ನು ಒಮ್ಮೆಲೇ ಎಳೆಯುತ್ತದೆ, ಸಣ್ಣ ಯುಪಿಎಸ್ ಅದನ್ನು ತಾಳುವುದಿಲ್ಲ.

ಉತ್ತರ 2 (ಸಾಗರದಿಂದ)

ಮೇಲಿನವರು ಪ್ರಿಂಟರಿನ ವಿಷಯವನ್ನು ಪೂರ್ತಿಯಾಗಿ ಹೇಳಿದ್ದಾರೆ. ನಾನು ಸ್ಕ್ಯಾನರಿನ ಬಗ್ಗೆ ಬರೆಯುತ್ತೇನೆ. ಇಲ್ಲಿ ಸ್ಕ್ಯಾನಿಂಗಿಗೂ ಕಪ್ಸ್‌ಗೂ ಸಂಬಂಧವಿಲ್ಲ, ಸ್ಕ್ಯಾನರುಗಳನ್ನು ನೋಡಿಕೊಳ್ಳುವುದು ಸೇನ್ (sane) ಎಂಬ ಬೇರೆಯದೇ ವ್ಯವಸ್ಥೆ. ಒಂದೇ ಪೆಟ್ಟಿಗೆಯಲ್ಲಿ ಎರಡೂ ಇರುವ ಯಂತ್ರವಾದರೂ ಮುದ್ರಣದ ದಾರಿ ಬೇರೆ, ಸ್ಕ್ಯಾನಿಂಗಿನ ದಾರಿ ಬೇರೆ.

ಎರಡು ಆಜ್ಞೆಗಳನ್ನು ಒಂದಾದಮೇಲೊಂದು ಕೊಟ್ಟು ನೋಡಿ. ‘ಸೇನ್-ಫೈಂಡ್-ಸ್ಕ್ಯಾನರ್’ ಎಂಬುದು ಯುಎಸ್‌ಬಿಯ ಮೇಲೆ ಸ್ಕ್ಯಾನರಿನಂತೆ ಕಾಣುವ ಯಂತ್ರ ಇದೆಯೇ ಎಂದಷ್ಟೇ ನೋಡುತ್ತದೆ. ‘ಸ್ಕ್ಯಾನ್‌ಇಮೇಜ್’ ಎಂದು ಬರೆದು, ಜಾಗ ಬಿಟ್ಟು, ಅಡ್ಡಗೆರೆ ಮತ್ತು ದೊಡ್ಡಕ್ಷರದ ಎಲ್ ಹಾಕಿದರೆ, ಆ ಯಂತ್ರವನ್ನು ನಡೆಸಬಲ್ಲ ಡ್ರೈವರ್ ಸಿಕ್ಕಿದೆಯೇ ಎಂದು ತಿಳಿಯುತ್ತದೆ. ಸೇನ್‌ನವರು ಈ ಡ್ರೈವರನ್ನು ಬ್ಯಾಕೆಂಡ್ ಎನ್ನುತ್ತಾರೆ. ಕೆನಾನ್ ಲೈಡ್ 110 ಮತ್ತು 210 ಮಾದರಿಗಳು ಜೆನೆಸಿಸ್ ಎಂಬ ಬ್ಯಾಕೆಂಡಿನಿಂದ ನಡೆಯುವುದು ಇದಕ್ಕೊಂದು ಉದಾಹರಣೆ.

ಮೊದಲನೆಯ ಆಜ್ಞೆಗೇ ಏನೂ ಕಾಣದಿದ್ದರೆ ತೊಂದರೆ ತಂತಿಯಲ್ಲಿ ಅಥವಾ ವಿದ್ಯುತ್ತಿನಲ್ಲಿದೆ. ಯುಎಸ್‌ಬಿಯಿಂದಲೇ ವಿದ್ಯುತ್ ಪಡೆಯುವ ಸ್ಕ್ಯಾನರನ್ನು ಅಗ್ಗದ ಹಬ್‌ಗೆ ಚುಚ್ಚಬೇಡಿ, ಕಂಪ್ಯೂಟರಿನ ಹಿಂಬದಿಯ ಪೋರ್ಟಿಗೆ ನೇರವಾಗಿ ಜೋಡಿಸಿ. ಮೊದಲನೆಯದರಲ್ಲಿ ಕಂಡು ಎರಡನೆಯದರಲ್ಲಿ ಕಾಣದಿದ್ದರೆ, ಎರಡನೆಯ ಆಜ್ಞೆಯ ಮುಂದೆ ಸುಡೋ (ನಿರ್ವಾಹಕನ ಅಧಿಕಾರದಿಂದ ನಡೆಸು ಎಂಬ ಪದ) ಸೇರಿಸಿ ಮತ್ತೆ ಕೊಡಿ. ಆಗ ಕಂಡರೆ ಡ್ರೈವರ್ ಸರಿಯಾಗಿಯೇ ಇದೆ, ನಿಮ್ಮ ಖಾತೆಗೆ ಅನುಮತಿ ಮಾತ್ರ ಇಲ್ಲ ಎಂದರ್ಥ. ‘ಯೂಸರ್ಸ್ ಆಂಡ್ ಗ್ರೂಪ್ಸ್’ ತೆರೆದು ನಿಮ್ಮ ಹೆಸರನ್ನು ಸ್ಕ್ಯಾನರ್ ಎಂಬ ಗುಂಪಿಗೆ ಸೇರಿಸಿ, ಲಾಗೌಟ್ ಆಗಿ ಮತ್ತೆ ಒಳಬನ್ನಿ. ಲಾಗೌಟ್ ಆಗದೆ ಹೊಸ ಅನುಮತಿ ಜಾರಿಗೆ ಬರುವುದಿಲ್ಲ, ಬಹಳ ಜನ ಇಲ್ಲಿಯೇ ಎಡವುತ್ತಾರೆ. ಪ್ರತಿ ಸಲವೂ ಸುಡೋ ಹಾಕಿ ಸ್ಕ್ಯಾನ್ ಮಾಡುವ ಅಭ್ಯಾಸ ಒಳ್ಳೆಯದಲ್ಲ, ಏಕೆಂದರೆ ಹಾಗೆ ಉಳಿಸಿದ ಕಡತಗಳು ನಿಮ್ಮ ಹೆಸರಿನಲ್ಲಿರದೆ ರೂಟ್ ಎಂಬ ನಿರ್ವಾಹಕ ಖಾತೆಯ ಹೆಸರಿನಲ್ಲಿ ಇರುತ್ತವೆ.

ಅರ್ಜಿಗಳಿಗೆ ಅಪ್‌ಲೋಡ್ ಮಾಡುವವರಾದ್ದರಿಂದ ಇದನ್ನೂ ಹೇಳುತ್ತೇನೆ. ಎ4 ಹಾಳೆಯನ್ನು 300 ಡಿಪಿಐಗೆ (ಒಂದು ಇಂಚಿಗೆ 300 ಚುಕ್ಕಿ) ಇಟ್ಟರೆ ಸುಮಾರು 2480 ಚುಕ್ಕಿ ಅಗಲ, 3508 ಚುಕ್ಕಿ ಎತ್ತರದ ಚಿತ್ರ ಬರುತ್ತದೆ. ಸಂಕುಚಿಸದ ಬಣ್ಣದ ಚಿತ್ರವಾದರೆ ಅದು 26 ಎಂಬಿ, ಬೂದು ಛಾಯೆಯದಾದರೆ ಅದರ ಮೂರನೆಯ ಒಂದು ಪಾಲು. ಬಣ್ಣದ ಮೊಹರು ಕಾಣಬೇಕಾದ ಕಾಗದಕ್ಕೆ ಮಾತ್ರ ಬಣ್ಣ ಬಳಸಿ. ಹಳೆಯ ಕನ್ನಡ ಕಾಗದಪತ್ರಗಳನ್ನು ಟೈಪ್ ಮಾಡಿಕೊಡಿ ಎಂದು ಯಾರಾದರೂ ಕೇಳಿದರೆ ಚಿತ್ರದಲ್ಲಿನ ಅಕ್ಷರಗಳನ್ನು ಗುರುತಿಸುವ ಟೆಸರಾಕ್ಟ್ ಎಂಬ ತಂತ್ರಾಂಶ ಮತ್ತು ಅದರ ಕನ್ನಡ ಪೊಟ್ಟಣವನ್ನು ಹಾಕಿಕೊಳ್ಳಿ. ಸ್ವಚ್ಛವಾಗಿ ಅಚ್ಚಾದ ಪುಟವನ್ನು 300 ಡಿಪಿಐನಲ್ಲಿ ಸ್ಕ್ಯಾನ್ ಮಾಡಿದ್ದರೆ ಅದು ಅಕ್ಷರಗಳನ್ನು ಪಠ್ಯವಾಗಿ ತೆಗೆದುಕೊಡುತ್ತದೆ. ಒತ್ತಕ್ಷರಗಳಲ್ಲಿ ತಪ್ಪುಗಳು ಉಳಿಯುವುದರಿಂದ ಒಮ್ಮೆ ಓದಿ ತಿದ್ದಲೇಬೇಕು.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಹೃದಯಪೂರ್ವಕ ಧನ್ಯವಾದಗಳು. ಪ್ರಿಂಟರ್ ನೀವು ಹೆಸರಿಸಿದ ಗುಂಪಿನದೇ ಆಗಿತ್ತು. ನಾಲ್ಕು ಹೆಸರುಗಳಲ್ಲಿ ಎರಡು ಒಂದು ಡ್ರೈವರಿನವು, ಎರಡು ಇನ್ನೊಂದರವು ಎಂಬುದು ತೆಗೆಯುವಾಗ ಗೊತ್ತಾಯಿತು. ಎಲ್ಲವನ್ನೂ ತೆಗೆದು, ಪ್ಲಗಿನ್ ಇಳಿಸಿಕೊಂಡು, ಒಂದೇ ಸಲ ಸೇರಿಸಿದೆ. ನಿನ್ನೆ ಮಧ್ಯಾಹ್ನದೊಳಗೆ ಕರೆಂಟ್ ಮೂರು ಸಲ ಹೋಗಿ ಬಂತು, ಮೂರು ಸಲವೂ ಸಾಲಿನಲ್ಲಿದ್ದ ಹಾಳೆಗಳು ನಾನು ಏನನ್ನೂ ಮುಟ್ಟದೆ ಹೊರಬಂದವು. ಸ್ಕ್ಯಾನರ್ ಸುಡೋ ಹಾಕಿದಾಗ ಮಾತ್ರ ಕಾಣುತ್ತಿತ್ತು, ಗುಂಪಿಗೆ ಸೇರಿಸಿ ಲಾಗೌಟ್ ಆದಮೇಲೆ ಸರಿಯಾಯಿತು.

ಇನ್ನೊಂದು ಪ್ರಶ್ನೆಯಿದೆ. ದೀಪಾವಳಿಯ ಹೊತ್ತಿಗೆ ಮುದ್ರಣ, ಸ್ಕ್ಯಾನ್ ಎರಡೂ ಇರುವ ಹೊಸ ಯಂತ್ರ ಕೊಳ್ಳಬೇಕೆಂದಿದ್ದೇವೆ. ಏನನ್ನು ನೋಡಿ ಕೊಳ್ಳಬೇಕು?

ಉತ್ತರ 1 ಬರೆದವರು

ಸಂತೋಷವಾಯಿತು. ಹೊಸದನ್ನು ಕೊಳ್ಳುವಾಗ ಪೆಟ್ಟಿಗೆಯ ಮೇಲೆ ಏರ್‌ಪ್ರಿಂಟ್ ಅಥವಾ ಮೋಪ್ರಿಯಾ ಎಂದು ಬರೆದಿದೆಯೇ ನೋಡಿ. ಅಂಥ ಯಂತ್ರಗಳು ಐಪಿಪಿ ಎಂಬ ಸಾಮಾನ್ಯ ಭಾಷೆಯಲ್ಲಿ ಮಾತನಾಡುವುದರಿಂದ ಕಂಪನಿಯ ಡ್ರೈವರೇ ಬೇಕಾಗುವುದಿಲ್ಲ. ಕಪ್ಸ್‌ನ ಮುಂದಿನ ದಾರಿಯೂ ಇದೇ ಆಗಿದ್ದು, ಅದರ 3ನೆಯ ಆವೃತ್ತಿಯಲ್ಲಿ ಹಳೆಯ ಬಗೆಯ ಡ್ರೈವರುಗಳನ್ನು ಕೈಬಿಡಲು ಅದನ್ನು ಕಟ್ಟುವವರು ನಿರ್ಧರಿಸಿದ್ದಾರೆ. ಸ್ಕ್ಯಾನಿಂಗಿಗೆ ಸೇನ್-ಏರ್‌ಸ್ಕ್ಯಾನ್ ಎಂಬ ಪೊಟ್ಟಣ ಇದೇ ರೀತಿ ಕೆಲಸ ಮಾಡುತ್ತದೆ. ವೈಫೈ ಬೇಡವೆಂದು ತಂತಿಯಿಂದಲೇ ಜೋಡಿಸುವುದಾದರೆ ಐಪಿಪಿ-ಯುಎಸ್‌ಬಿ ಎಂಬ ಪೊಟ್ಟಣ ಇರಲಿ. ಆದರೆ ಅದು ಯಂತ್ರವನ್ನು ಪೂರ್ತಿಯಾಗಿ ತನ್ನ ವಶಕ್ಕೆ ತೆಗೆದುಕೊಳ್ಳುವುದರಿಂದ, ಅದು ನಡೆಯುತ್ತಿರುವಾಗ ಕಂಪನಿಯ ಡ್ರೈವರನ್ನೂ ಹಾಕಿದರೆ ಆ ಡ್ರೈವರಿಗೆ ಯಂತ್ರ ಕಾಣುವುದಿಲ್ಲ. ಎರಡರಲ್ಲಿ ಒಂದನ್ನು ಆರಿಸಿಕೊಳ್ಳಿ.

ಉತ್ತರ 2 ಬರೆದವರು

ಒಂದು ಸಣ್ಣ ಮಾತು ಸೇರಿಸುತ್ತೇನೆ. ಮಳೆಗಾಲದಲ್ಲಿ ನಮ್ಮ ಕಡೆಯ ಕಾಗದ ತೇವ ಹೀರಿಕೊಂಡು ಸುರುಳಿಯಾಗುತ್ತದೆ. ಆಗ ಹಾಳೆ ಸಿಕ್ಕಿಹಾಕಿಕೊಳ್ಳುತ್ತದೆ, ಟೋನರ್ ಸರಿಯಾಗಿ ಅಂಟದೆ ಉಜ್ಜಿದರೆ ಬರುತ್ತದೆ. ಅದನ್ನು ಡ್ರೈವರಿನ ದೋಷವೆಂದುಕೊಂಡು ಮತ್ತೆ ಎಲ್ಲವನ್ನೂ ತೆಗೆದುಹಾಕಬೇಡಿ. ಒಡೆದ ಕಟ್ಟನ್ನು ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿಡಿ, ಸಂಜೆ ಅಂಗಡಿ ಮುಚ್ಚುವಾಗ ಟ್ರೇಯಲ್ಲಿ ಉಳಿದ ಹಾಳೆಗಳನ್ನೂ ಅದರೊಳಗೆ ಸೇರಿಸಿ.