ಎಂಟು ತಿಂಗಳ ಮಗು, ಹತ್ತು ವರ್ಷ ದಾಟಿದ ಕಾರು: ಮಡಿಲೋ, ಮಕ್ಕಳ ಸೀಟೋ?

ತೀರ್ಥಹಳ್ಳಿ ಸೊಸೆ (ಪ್ರಶ್ನೆ)

ಮುಂದಿನ ತಿಂಗಳು ಮಗಳ ಮುಡಿ ಕೊಡಿಸಲು ಬೆಂಗಳೂರಿನಿಂದ ತೀರ್ಥಹಳ್ಳಿ ಕಡೆಯ ನಮ್ಮ ಊರಿಗೆ ಹೋಗುತ್ತಿದ್ದೇವೆ. ಪುಟ್ಟಿಗೆ ಎಂಟು ತಿಂಗಳು, ತೂಕ ಎಂಟು ಕೆ.ಜಿ. ಕಾರು 2014ರ ಸಣ್ಣ ಹ್ಯಾಚ್‌ಬ್ಯಾಕ್. ಮುಂದೆ ಎರಡು ಏರ್‌ಬ್ಯಾಗ್ ಇವೆ. ಹಿಂದೆ ಎರಡೂ ಕಿಟಕಿ ಪಕ್ಕದ ಸೀಟುಗಳಿಗೆ ಭುಜದ ಬೆಲ್ಟ್ ಇದೆ, ನಡುವಿನದಕ್ಕೆ ಸೊಂಟದ ಪಟ್ಟಿ ಮಾತ್ರ. ಮಕ್ಕಳ ಸೀಟನ್ನು ನೇರ ಕಾರಿಗೇ ಸಿಕ್ಕಿಸುವ ಐಸೋಫಿಕ್ಸ್ ಕೊಂಡಿ ಇಲ್ಲ.

ಓಡಿಸುವವರು ನನ್ನ ಯಜಮಾನರು. ಮಾವನವರಿಗೆ ಮಂಡಿನೋವು, ಹಾಗಾಗಿ ಮುಂದಿನ ಸೀಟು ಅವರದೇ. ಹಿಂದೆ ಅತ್ತೆ, ನಾನು, ಪುಟ್ಟಿ. ಯಜಮಾನರ ಸಹೋದ್ಯೋಗಿಯೊಬ್ಬರು ತಮ್ಮ ಮಗುವಿನ ಹಳೆಯ ಕಾರ್ ಸೀಟನ್ನು ಕೊಟ್ಟಿದ್ದಾರೆ. ಅದು ಮನೆಗೆ ಬಂದ ದಿನದಿಂದ ಜಗಳ.

ಅತ್ತೆಯ ವಾದ: "ಮೂರು ಮಕ್ಕಳನ್ನು ಮಡಿಲಲ್ಲಿ ಇಟ್ಟುಕೊಂಡೇ ಆಗುಂಬೆ ಘಾಟಿ ಹತ್ತಿ ಇಳಿದವಳು ನಾನು. ತಾಯಿಯ ಕೈಗಿಂತ ಗಟ್ಟಿ ಯಾವುದಿದೆ?" ಯಜಮಾನರ ವಾದ: ಸೀಟನ್ನು ಮುಂದೆ ಕಟ್ಟಿದರೆ ಮಗು ಕಣ್ಣೆದುರಿಗೇ ಇರುತ್ತದೆ, ಏರ್‌ಬ್ಯಾಗೂ ಅಲ್ಲೇ ಇದೆ, ಮಾವ ಹೇಗೋ ಹಿಂದೆ ಕೂರಲಿ. ನನಗೆ ಹೊಳೆದದ್ದು: ಪುಟ್ಟಿಯನ್ನು ಎದೆಗೆ ಅವಚಿಕೊಂಡು ಇಬ್ಬರಿಗೂ ಸೇರಿಸಿ ಒಂದೇ ಬೆಲ್ಟ್ ಹಾಕಿಕೊಂಡರೆ?

ಯಾವುದು ಸರಿ? ಹೊಸ ಕಾರು ಕೊಳ್ಳಿ ಎಂದು ಮಾತ್ರ ಹೇಳಬೇಡಿ.

ಹಳೇ ಅಂಬಾಸಿಡರ್

ನಾವು ಒಂಬತ್ತು ಜನ ಒಂದೇ ಅಂಬಾಸಿಡರಿನಲ್ಲಿ ಧರ್ಮಸ್ಥಳಕ್ಕೆ ಹೋಗಿ ಬಂದೆವು. ಬೆಲ್ಟೂ ಇರಲಿಲ್ಲ, ಬ್ಯಾಗೂ ಇರಲಿಲ್ಲ. ಯಾರಿಗೆ ಏನಾಯಿತು?

ಕಾನೂನು ಗುಮಾಸ್ತ

ಏನೂ ಆಗದವರು ಮಾತ್ರ ಹೀಗೆ ಬರೆಯಲು ಉಳಿದಿರುತ್ತಾರೆ, ಸ್ವಾಮಿ. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಸೇರಿದ 194ಬಿ ಕಲಂ ಪ್ರಕಾರ, 14 ವರ್ಷದೊಳಗಿನ ಮಗುವನ್ನು ಬೆಲ್ಟ್ ಅಥವಾ ಮಕ್ಕಳ ಸೀಟಿನಲ್ಲಿ ಭದ್ರಪಡಿಸದೆ ಗಾಡಿ ಓಡಿಸಿದರೆ 1,000 ರೂಪಾಯಿ ದಂಡ. ಹಿಂದಿನ ಸೀಟಿನವರಿಗೂ ಬೆಲ್ಟ್ ಕಡ್ಡಾಯ. ಮಿಕ್ಕದ್ದನ್ನು ಗಾಡಿ ಬಲ್ಲವರು ಹೇಳಲಿ.

ಪಾನಾ ಮೇಸ್ತ್ರಿ, ದಾವಣಗೆರೆ

ತಂಗಿ, ನಾನು ಇಪ್ಪತ್ತೆರಡು ವರ್ಷಗಳಿಂದ ಟಿಂಕರಿಂಗ್ ಕೆಲಸ ಮಾಡುವವನು. ಹೆದ್ದಾರಿಯಲ್ಲಿ ಬಡಿದ ಗಾಡಿಗಳು ಹಗ್ಗ ಕಟ್ಟಿಸಿಕೊಂಡು ನನ್ನ ಅಂಗಳಕ್ಕೆ ಬರುತ್ತವೆ. ಯಾರು ಬೆಲ್ಟ್ ಹಾಕಿದ್ದರು, ಯಾರು ಹಾಕಿರಲಿಲ್ಲ ಎಂದು ನಾನು ಯಾರನ್ನೂ ಕೇಳುವುದಿಲ್ಲ. ಹಾಕಿದ್ದ ಕಡೆ, ಬೆಲ್ಟ್ ಬಾಗಿಲ ಪಕ್ಕದ ಕಂಬದ ಬಳೆಯೊಳಗಿಂದ ಹಾದುಬರುವಲ್ಲಿ ಸುಟ್ಟಂತೆ ಮಿರುಗುವ ಗೆರೆ ಬಿದ್ದಿರುತ್ತದೆ. ಹಾಕದ ಕಡೆ, ಮುಂದಿನ ಗಾಜಿನಲ್ಲಿ ಒಳಗಿನಿಂದ ಹೊರಕ್ಕೆ ಉಬ್ಬಿದ ಜೇಡರ ಬಲೆ. ಒಮ್ಮೆ ಆ ಬಲೆಯ ನಡುವೆ ಕುಲಾವಿಯ ಕೆಂಪು ಉಣ್ಣೆಯ ಎಳೆ ಸಿಕ್ಕಿತ್ತು. ಆ ಮಗು ಬದುಕಿತು. ಅವತ್ತು ಮಾತ್ರ ಮಧ್ಯಾಹ್ನಕ್ಕೇ ಅಂಗಡಿಯ ಬಾಗಿಲು ಹಾಕಿ ಮನೆಗೆ ಹೋದೆ.

ಮೊದಲು ಅತ್ತೆಯವರ ಮಾತು. ಗಂಟೆಗೆ 50 ಕಿ.ಮೀ. ವೇಗದ ಕಾರು ಬಡಿದು ಸೆಕೆಂಡಿನ ಹತ್ತನೆಯ ಒಂದು ಭಾಗದಲ್ಲಿ ನಿಂತಿತೆನ್ನಿ. ಆ ಗಳಿಗೆಯಲ್ಲಿ ಎಂಟು ಕೆ.ಜಿ. ಕೂಸನ್ನು ಹಿಡಿದಿಡಲು ನೂರು ಕೆ.ಜಿ.ಗೂ ಮೀರಿದ ಭಾರವನ್ನು ತಡೆಯುವಷ್ಟು ಬಲ ಬೇಕು. 25 ಕೆ.ಜಿ.ಯ ನಾಲ್ಕು ಅಕ್ಕಿ ಚೀಲ ಒಟ್ಟಿಗೆ ಕೈಯಿಂದ ಜಾರುತ್ತಿವೆ ಎಂದು ಅವರಿಗೆ ಹೇಳಿ ನೋಡಿ. ಅವರ ಪ್ರೀತಿಯ ಮೇಲೆ ನನಗೆ ಅನುಮಾನವಿಲ್ಲ, ರಟ್ಟೆಯ ಮೇಲೆ ಇದೆ. ಇಬ್ಬರಿಗೂ ಒಂದೇ ಬೆಲ್ಟ್ ಎಂಬ ನಿಮ್ಮ ಉಪಾಯ ಇನ್ನೂ ಕೆಟ್ಟದ್ದು. ಗಾಡಿ ಬಡಿದಾಗ ನಿಮ್ಮ ಇಡೀ ಮೈಭಾರ ಬೆಲ್ಟಿನ ಕಡೆಗೆ ನುಗ್ಗುತ್ತದೆ, ನಡುವೆ ಸಿಕ್ಕಿಕೊಳ್ಳುವುದು ಮಗು.

ಇನ್ನು ನಿಮ್ಮ ಯಜಮಾನರು. ಏರ್‌ಬ್ಯಾಗ್ ಹತ್ತಿ ತುಂಬಿದ ದಿಂಬು ಎಂದು ಬಹಳ ಜನ ತಿಳಿದಿದ್ದಾರೆ. ಒಳಗೆ ಸಣ್ಣ ಮದ್ದು ಸಿಡಿದು, ಕಣ್ಣು ಮಿಟುಕಿಸುವುದರೊಳಗೆ ಚೀಲ ಉಬ್ಬಿ ಹೊರಗೆ ನುಗ್ಗುತ್ತದೆ. ಬೆಲ್ಟ್ ಹಾಕಿ, ಬೆನ್ನು ಒರಗಿ ಕುಳಿತ ದೊಡ್ಡವರಿಗಾಗಿ ಮಾಡಿದ ವ್ಯವಸ್ಥೆ ಅದು. ಬೆಲ್ಟಿಗೆ ನೆರವೇ ಹೊರತು ಬದಲಿಯಲ್ಲ. ಹಿಮ್ಮುಖವಾಗಿ, ಅಂದರೆ ಮಗುವಿನ ಮುಖ ಗಾಡಿಯ ಹಿಂಭಾಗಕ್ಕೆ ಇರುವಂತೆ, ಕಟ್ಟಿದ ಮಕ್ಕಳ ಸೀಟಿನ ಬೆನ್ನು ಡ್ಯಾಶ್‌ಬೋರ್ಡಿಗೆ ತೀರ ಹತ್ತಿರ ಇರುತ್ತದೆ, ಚೀಲ ಬಂದು ಗುದ್ದುವುದು ನೇರವಾಗಿ ಮಗುವಿನ ತಲೆಯ ಹಿಂಭಾಗಕ್ಕೆ. ಮುಂದಿನ ಸೀಟಿನ ಬಿಸಿಲುಪಟ್ಟಿಯನ್ನು ಇಳಿಸಿ ನೋಡಲು ಹೇಳಿ. ಮಗುವಿನ ಸೀಟಿನ ಚಿತ್ರದ ಮೇಲೆ ಅಡ್ಡಗೆರೆ ಎಳೆದ ಚೀಟಿ ಬಹುಶಃ ಅಲ್ಲೇ ಇದೆ. ಕೆಲವು ಕಾರುಗಳಲ್ಲಿ ಆ ಏರ್‌ಬ್ಯಾಗ್ ಆಫ್ ಮಾಡುವ ಕೀಲಿ ಇರುತ್ತದೆ. ನಿಮ್ಮದರಲ್ಲಿ ಇಲ್ಲದಿದ್ದರೆ ಮಾತು ಅಲ್ಲಿಗೇ ಮುಗಿಯಿತು.

ಮಗುವಿನ ಸೀಟು ಹಿಂದಿನ ಎಡ ಕಿಟಕಿಗೆ, ಹಿಮ್ಮುಖವಾಗಿ. ಮಗುವಿನ ತಲೆ ಭಾರ, ಕತ್ತು ಎಳಸು. ಬಡಿತವನ್ನು ಬೆನ್ನು ಪೂರ್ತಿ ಹಂಚಿಕೊಳ್ಳಬೇಕು. ಕೊಂಡಿ ಇಲ್ಲವೆಂದು ಚಿಂತೆ ಬೇಡ, ಬೆಲ್ಟಿನಿಂದ ಕಟ್ಟುವ ಸೀಟುಗಳು ಬೇಕಾದಷ್ಟಿವೆ. ಬೆಲ್ಟ್ ಹಾಯಬೇಕಾದ ದಾರಿಗೆ ಸಾಮಾನ್ಯವಾಗಿ ನೀಲಿ ಗುರುತು ಹಾಕಿರುತ್ತಾರೆ, ಕೆಂಪು ಇದ್ದರೆ ಅದು ಮುಮ್ಮುಖವಾಗಿ ಕಟ್ಟುವುದಕ್ಕೆ. ಸೀಟಿನ ಮೇಲೆ ಭಾರ ಊರಿ ಬೆಲ್ಟನ್ನು ಎಳೆದು ಬಿಗಿ ಮಾಡಿ. ಬೆಲ್ಟ್ ಹಾಯುವ ಜಾಗದಲ್ಲಿ ಹಿಡಿದು ಅಲುಗಾಡಿಸಿದಾಗ ಒಂದು ಅಂಗುಲಕ್ಕಿಂತ ಹೆಚ್ಚು ಸರಿಯಬಾರದು. ಹಳೆಯ ಸಣ್ಣ ಕಾರುಗಳಲ್ಲಿ ಒಂದು ಪೇಚಿದೆ: ಬೆಲ್ಟ್ ಸೀಟನ್ನು ಬಳಸಿ ಬರುವಷ್ಟು ಉದ್ದವೇ ಇರುವುದಿಲ್ಲ. ಅದಕ್ಕೇ ಹೊರಡುವ ದಿನದವರೆಗೆ ಕಾಯದೆ ಇಂದೇ ಕಟ್ಟಿ ನೋಡಿ.

ಕೊಟ್ಟವರನ್ನು ನಾಚಿಕೊಳ್ಳದೆ ಕೇಳಿ: ಈ ಸೀಟು ಅಪಘಾತ ಕಂಡಿದೆಯೇ? ಕಂಡಿದ್ದರೆ ಅಟ್ಟಕ್ಕೂ ಬೇಡ, ಒಡೆದು ಬಿಸಾಡಿ. ಪ್ಲಾಸ್ಟಿಕ್ಕಿಗೂ ವಯಸ್ಸಾಗುತ್ತದೆ, ತಯಾರಾದ ವರ್ಷ ನೋಡಿ. ಕಿತ್ತಳೆ ಬಣ್ಣದ ಚೀಟಿಯಲ್ಲಿ ವೃತ್ತದೊಳಗೆ ಇಂಗ್ಲಿಷಿನ ಇ ಅಕ್ಷರ ಇದ್ದರೆ ಅದು ಯುರೋಪಿನ ಪರೀಕ್ಷೆ ದಾಟಿದ್ದು.

ಇನ್ನೊಂದು, ಬೈಯಬೇಡಿ. ಎಡಗಡೆ ಏರ್‌ಬ್ಯಾಗಿನ ಮುಚ್ಚಳದ ಮೇಲೆ ಗಣಪತಿಯನ್ನು ಅಂಟಿಸಿದ್ದೀರಾ? ನನ್ನ ಬಳಿ ಬರುವ ಹತ್ತು ಗಾಡಿಗಳಲ್ಲಿ ಆರರಲ್ಲಿ ಇರುತ್ತಾನೆ. ಚೀಲ ಸಿಡಿದರೆ ಅವನು ನೇರ ಮಾವನವರ ಮುಖಕ್ಕೆ. ವಿಗ್ರಹ ಮೀಟರಿನ ಪಕ್ಕಕ್ಕೂ ಬೇಡ, ಬದಲಿಗೆ ಪುಟ್ಟ ಪಟವೊಂದನ್ನು ಅಂಟಿಸಿಕೊಳ್ಳಿ. ಕೀಲಿ ತಿರುಗಿಸಿದಾಗ ಹೊತ್ತುವ ಏರ್‌ಬ್ಯಾಗ್ ದೀಪ ಕೆಲವು ಸೆಕೆಂಡಿನಲ್ಲಿ ಆರಬೇಕು. ಆರದಿದ್ದರೆ ಮೊದಲು ತೋರಿಸಿ.

ಎರಡು ಮಕ್ಕಳ ತಾಯಿ, ಮಂಗಳೂರು

ಮೇಸ್ತ್ರಿಗಳು ಅಳುವಿನ ಮಾತು ಎತ್ತಲಿಲ್ಲ. ನನ್ನ ಮಗ ಮೊದಲ ಸಲ ಬಿ.ಸಿ. ರೋಡಿನಿಂದ ಉಪ್ಪಿನಂಗಡಿಯವರೆಗೆ ಒಂದೇ ಸಮನೆ ಅತ್ತ. ಎತ್ತಿಕೊಳ್ಳಬೇಕೆನಿಸಿದರೆ ಗಾಡಿ ನಿಲ್ಲಿಸಿಯೇ ಎತ್ತಿಕೊಳ್ಳಿ, ಓಡುತ್ತಿರುವಾಗ ಪಟ್ಟಿ ಬಿಚ್ಚಬೇಡಿ. ಈಗಿನಿಂದಲೇ ದಿನಕ್ಕೆ ಹತ್ತು ನಿಮಿಷ ಮನೆಯಲ್ಲಿ ಅದರಲ್ಲಿ ಕೂರಿಸಿ ಆಟ ಆಡಿಸಿ. ಎರಡು ಗಂಟೆಗೊಮ್ಮೆ ಹೊರಗೆ ತೆಗೆದು ಹಾಲು ಕೊಟ್ಟು ಮೈ ಚಾಚಲು ಬಿಡಿ. ಮಲೆನಾಡಿನ ಚಳಿ ಎಂದು ದಪ್ಪ ಸ್ವೆಟರ್ ಹಾಕಿ ಮೇಲೆ ಪಟ್ಟಿ ಕಟ್ಟಬೇಡಿ. ಬಿಗಿಯಾದಂತೆ ಕಾಣುತ್ತದೆ, ಒಳಗೆ ಸಡಿಲ. ತೆಳು ಅಂಗಿ, ಅದರ ಮೇಲೆ ಪಟ್ಟಿ, ಅದರ ಮೇಲೆ ಹೊದಿಕೆ. ಹೆಗಲ ಬಳಿ ಪಟ್ಟಿಯನ್ನು ಚಿವುಟಿದರೆ ಮಡಿಕೆ ಸಿಗಬಾರದು.

ಹಳೇ ಅಂಬಾಸಿಡರ್

ಮಗುವಿಗೆ ಸರಿ, ಒಪ್ಪಿದೆ. ಹಿಂದೆ ಕೂರುವ ದೊಡ್ಡವರಿಗೂ ಬೆಲ್ಟ್ ಯಾಕೆ? ಎದುರಿಗೆ ಸೀಟು ಇದೆಯಲ್ಲ.

ಪಾನಾ ಮೇಸ್ತ್ರಿ, ದಾವಣಗೆರೆ

2022ರ ಸೆಪ್ಟೆಂಬರ್ 4ರಂದು ಮಹಾರಾಷ್ಟ್ರದ ಪಾಲ್ಘರ್ ಬಳಿ ಸೇತುವೆಯ ಗೋಡೆಗೆ ಬಡಿದದ್ದು ಏರ್‌ಬ್ಯಾಗುಗಳಿದ್ದ ದುಬಾರಿ ಕಾರು. ಮುಂದಿದ್ದ ಇಬ್ಬರು ಉಳಿದರು. ಹಿಂದಿದ್ದ, ಟಾಟಾ ಸನ್ಸ್‌ನ ಮಾಜಿ ಅಧ್ಯಕ್ಷ ಸೈರಸ್ ಮಿಸ್ತ್ರಿ ಮತ್ತು ಇನ್ನೊಬ್ಬರು ತೀರಿಕೊಂಡರು, ಅವರಿಬ್ಬರೂ ಬೆಲ್ಟ್ ಹಾಕಿರಲಿಲ್ಲವೆಂದು ಪೊಲೀಸರು ಹೇಳಿದರು. ಎದುರಿನ ಸೀಟು ನಿಮ್ಮನ್ನು ತಡೆಯುತ್ತದೆ, ಸರಿ. ಆ ಸೀಟಿನಲ್ಲಿ ಕುಳಿತವರ ಬೆನ್ನನ್ನು ಕೇಳಬೇಕು.

ತೀರ್ಥಹಳ್ಳಿ ಸೊಸೆ

ಹೋಗಿ ತಲುಪಿದೆವು. ಸೀಟನ್ನು ಕೊಟ್ಟವರು ಅಪಘಾತವಾಗಿಲ್ಲವೆಂದರು, ತಯಾರಾಗಿ ಮೂರು ವರ್ಷ. ಬೆಲ್ಟ್ ಕೊನೆಯ ಗೇಣಿನಲ್ಲಿ ಹೇಗೋ ಸಾಕಾಯಿತು, ಆದರೆ ಹಿಮ್ಮುಖ ಸೀಟು ಹಿಡಿಸಲು ಮುಂದಿನ ಎಡ ಸೀಟನ್ನು ಮುಂದೆ ತಳ್ಳಬೇಕಾಯಿತು. ಮಾವನವರ ಮಂಡಿ ಹಿಡಿಸಲಿಲ್ಲ. ಅವರು ಯಾರಿಗೂ ಹೇಳದೆ ಶಿವಮೊಗ್ಗಕ್ಕೆ ರೈಲಿನ ಟಿಕೆಟ್ ತೆಗೆದುಕೊಂಡು ಬಂದರು! ಅತ್ತೆ ಮುಂದೆ ಕುಳಿತರು, ನಾನು ಹಿಂದೆ ಬಲಗಡೆ, ನಡುವಿನ ಸೀಟು ಚೀಲಗಳಿಗೆ. ಗಣಪತಿಯನ್ನು ಕೀಳಬೇಕಾದಾಗ ಅತ್ತೆ ಯಾರಿಗೂ ಮುಟ್ಟಲು ಬಿಡಲಿಲ್ಲ. ತಾವೇ ಕುಂಕುಮ ಹಚ್ಚಿ, ಬಿಸಿ ನೀರು ಹಾಕಿ ಬಿಡಿಸಿ ಸೆರಗಿನಲ್ಲಿ ಕಟ್ಟಿಕೊಂಡರು. ತಿಪಟೂರಿನವರೆಗೆ ಪುಟ್ಟಿ ಅತ್ತಳು, ಅರಸೀಕೆರೆಯ ಮುಂಚೆ ನಿದ್ದೆ ಮಾಡಿದಳು. ಶಿವಮೊಗ್ಗ ನಿಲ್ದಾಣದಲ್ಲಿ ಮಾವನವರು ಬೋಂಡಾ ತಿನ್ನುತ್ತ ಕಾಯುತ್ತಿದ್ದರು. ಅಲ್ಲಿಂದ ಮುಂದಕ್ಕೆ ಹಿಂದೆ ಚೀಲಗಳ ಜಾಗ ನನ್ನದಾಯಿತು.

ಬೆಳಿಗ್ಗೆ ವಾಪಸು ಹೊರಡುತ್ತೇವೆ. ಪುಟ್ಟಿಯನ್ನು ಸೀಟಿನಲ್ಲಿ ಕಟ್ಟಿದ ಚಿತ್ರ ಹಾಕಿದ್ದೇನೆ, ಮೇಸ್ತ್ರಿಗಳು ಒಮ್ಮೆ ನೋಡಬೇಕು.

ಪಾನಾ ಮೇಸ್ತ್ರಿ, ದಾವಣಗೆರೆ

ಸೀಟು ಕಟ್ಟಿದ್ದು ಸರಿಯಿದೆ. ನೀವು ನಡುವೆ ಕೂರುವಾಗ ಸೊಂಟದ ಪಟ್ಟಿಯನ್ನು ಹೊಟ್ಟೆಯ ಮೇಲೆ ಅಲ್ಲ, ಇನ್ನೂ ಕೆಳಗೆ, ಸೊಂಟದ ಮೂಳೆಯ ಮೇಲೆ ಬಿಗಿದುಕೊಳ್ಳಿ. ಮಗುವಿನ ಭುಜದ ಪಟ್ಟಿ ಬರುತ್ತಿರುವ ತೂತು ಕಿವಿಯ ಮಟ್ಟದಲ್ಲಿದೆ. ಹಿಮ್ಮುಖ ಸೀಟಿನಲ್ಲಿ ಅದು ಭುಜದ ಸಮಕ್ಕೆ ಅಥವಾ ತುಸು ಕೆಳಗೆ ಇರಬೇಕು, ಒಂದು ತೂತು ಇಳಿಸಿ. ಅಜ್ಜಿ ಹೆಣೆದ ಸ್ವೆಟರ್ ಪಟ್ಟಿಯ ಅಡಿಯಲ್ಲೇ ಉಳಿದಿದೆ. ಮಂಗಳೂರಿನ ಅಕ್ಕ ಹೇಳಿದ್ದರಲ್ಲ? ತೆಗೆದುಬಿಡಿ, ಮಂಡಗದ್ದೆ ದಾಟುವ ಹೊತ್ತಿಗೆ ಬಿಸಿಲು ಬಂದಿರುತ್ತದೆ.