ಕುಡಿತ ಬಿಡಿಸುವ ವಿಚಾರದಲ್ಲಿ ಯಾರ ಮಾತನ್ನು ನಂಬಬೇಕು? ಕೋಲಾರ ಜಿಲ್ಲೆಯವರು ತಿಳಿಸಿ

ಮುಳಬಾಗಿಲಿನ ತಂಗಿ (ಪ್ರಶ್ನೆ):

ಎಲ್ಲರಿಗೂ ನಮಸ್ಕಾರ. ನಾನು ಮುಳಬಾಗಿಲು ತಾಲ್ಲೂಕಿನ ಹಳ್ಳಿಯೊಂದರವಳು. ಈಗ ಕೋಲಾರದಲ್ಲಿ ಕೆಲಸದಲ್ಲಿದ್ದೇನೆ. ಊರಿನಲ್ಲಿ ಅಮ್ಮ, ಅಣ್ಣ, ಅತ್ತಿಗೆ ಮತ್ತು ಇಬ್ಬರು ಮಕ್ಕಳಿದ್ದಾರೆ. ಅಣ್ಣ ರೇಷ್ಮೆ ಮತ್ತು ಟೊಮೆಟೊ ಬೆಳೆಯುತ್ತಾನೆ. ಮೊದಲು ಮಂಡಿಗೆ ಹಣ್ಣು ಹಾಕಿ ಬಂದ ದಿನ ಮಾತ್ರ ಕುಡಿಯುತ್ತಿದ್ದವನು ಈಗ ಬೆಳಿಗ್ಗೆ ಎದ್ದ ಕೂಡಲೇ ಒಂದು ಪ್ಯಾಕೆಟ್ ಕುಡಿಯದೆ ಕೆಲಸಕ್ಕೆ ಇಳಿಯಲಾರ. ಕಳೆದ ಬೆಳೆಯಲ್ಲಿ ಹಣ್ಣಾದ ರೇಷ್ಮೆ ಹುಳುಗಳನ್ನು ಆರಿಸಿ, ಅವು ಗೂಡು ಕಟ್ಟುವ ಚಂದ್ರಿಕೆಗೆ ಬಿಡುವಾಗ ಅವನ ಬೆರಳುಗಳು ನಡುಗಿ ಹುಳುಗಳು ನೆಲಕ್ಕೆ ಬೀಳುತ್ತಿದ್ದವು. ಅಂಗಡಿಗೆ ಹೋಗಿ ಬಂದ ಮೇಲೆ ಅದೇ ಕೈ ಸ್ಥಿರವಾಯಿತು.

ಈಗ ನಮ್ಮ ತೊಂದರೆ ಮಾಹಿತಿ ಇಲ್ಲವೆಂಬುದಲ್ಲ, ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ ಎಂಬುದು. ಮೊಬೈಲಿನಲ್ಲಿ ಹುಡುಕಿದರೆ ಬರೀ ಜಾಹೀರಾತು ಬರುತ್ತದೆ. ಸಂಬಂಧಿಕರೊಬ್ಬರು ಅವನಿಗೆ ಗೊತ್ತಾಗದಂತೆ ಸಾರಿನಲ್ಲಿ ಕಲಸಿ ಕೊಡಬಹುದಾದ ಪುಡಿಯ ಪೊಟ್ಟಣವನ್ನು ತರಿಸಿಕೊಟ್ಟಿದ್ದಾರೆ. ಅದರ ಮೇಲೆ ತಯಾರಿಸಿದವರ ಹೆಸರೂ ಇಲ್ಲ, ಒಳಗೆ ಏನಿದೆ ಎಂಬ ವಿವರವೂ ಇಲ್ಲ. ಬೆಂಗಳೂರಿನ ಹೊರವಲಯದ ಒಂದು ಕೇಂದ್ರದವರು, ರಾತ್ರಿ ಹೊತ್ತು ತಾವೇ ವಾಹನ ತಂದು ಕರೆದೊಯ್ಯುವುದಾಗಿಯೂ, ಮೂರು ತಿಂಗಳ ಹಣವನ್ನು ಮುಂಗಡ ಕಟ್ಟಬೇಕೆಂದೂ, ಮೊದಲ ತಿಂಗಳು ಯಾರೂ ನೋಡಲು ಬರಬಾರದೆಂದೂ ಫೋನಿನಲ್ಲಿ ಹೇಳಿದರು. ಅಮ್ಮನಾದರೋ ನಾಲ್ಕು ದಿನ ಕೋಣೆಯಲ್ಲಿ ಕೂಡಿಹಾಕಿದರೆ ತಾನಾಗಿಯೇ ಬಿಡುತ್ತಾನೆ ಎನ್ನುತ್ತಾರೆ. ಅಣ್ಣನೇ ಒಂದು ರಾತ್ರಿ, “ಬಿಡಬೇಕು ಅಂತ ಇದೆ ಕಣಮ್ಮ, ಆಗ್ತಾ ಇಲ್ಲ” ಎಂದಿದ್ದಾನೆ. ನಮ್ಮ ಜಿಲ್ಲೆಯಲ್ಲಿಯೇ ನಂಬಿಕೊಂಡು ಹೋಗಬಹುದಾದ ಜಾಗ ಯಾವುದು? ಮೊದಲು ಏನು ಮಾಡಬೇಕು?

ನಿವೃತ್ತ ಶುಶ್ರೂಷಕಿ, ಕೋಲಾರ:

ನೀವು ಬರೆದಿರುವುದರಲ್ಲಿ ಕೂಡಿಹಾಕುವ ಮಾತಿಗೆ ಮೊದಲು ಉತ್ತರಿಸುತ್ತೇನೆ, ಏಕೆಂದರೆ ಜೀವಕ್ಕೆ ಅಪಾಯ ಇರುವುದು ಅಲ್ಲಿ. ಬೆಳಿಗ್ಗೆ ಕೈ ನಡುಗುವುದು ಮತ್ತು ಕುಡಿದ ಕೂಡಲೇ ಆ ನಡುಕ ನಿಲ್ಲುವುದು, ದೇಹವೇ ಮದ್ಯಕ್ಕೆ ಒಗ್ಗಿಹೋಗಿದೆ ಎಂಬುದರ ಲಕ್ಷಣ. ಇಂಥವರು ಒಮ್ಮೆಲೇ ನಿಲ್ಲಿಸಿದರೆ, ಕೊನೆಯ ಸಲ ಕುಡಿದ ಸುಮಾರು 6ರಿಂದ 24 ಗಂಟೆಯೊಳಗೆ ನಡುಕ, ಬೆವರು, ವಾಂತಿ, ನಿದ್ದೆಗೇಡು ಶುರುವಾಗುತ್ತವೆ. ಕೆಲವರಿಗೆ ಮೊದಲ 48 ಗಂಟೆಯೊಳಗೆ ಫಿಟ್ಸ್ ಬರುತ್ತದೆ. ಇನ್ನು ಕೆಲವರು ಎರಡನೆಯ ದಿನದಿಂದ ನಾಲ್ಕನೆಯ ದಿನದೊಳಗೆ ಇಲ್ಲದ್ದನ್ನು ಕಂಡಂತೆ ಮಾತನಾಡುತ್ತಾರೆ, ಹಗಲು ರಾತ್ರಿಯ ಪರಿವೆ ತಪ್ಪುತ್ತಾರೆ, ಮೈ ಕಾದು ಎದೆಬಡಿತ ಏರುತ್ತದೆ. ಡೆಲಿರಿಯಮ್ ಟ್ರೆಮೆನ್ಸ್ ಎಂಬ ಈ ಸ್ಥಿತಿಗೆ ಚಿಕಿತ್ಸೆ ಸಿಗದಿದ್ದರೆ ಸಾವೂ ಸಂಭವಿಸಬಹುದು. ನಮ್ಮ ಹಳ್ಳಿಗಳಲ್ಲಿ ಇದನ್ನು ಕಂಡವರು ಗಾಳಿ ಸೋಕಿದೆಯೆಂದು ಮಂತ್ರ ಹಾಕಿಸಲು ಕರೆದುಕೊಂಡು ಹೋಗಿ, ಆಸ್ಪತ್ರೆಗೆ ತರುವ ಹೊತ್ತಿಗೆ ತಡವಾಗಿರುತ್ತಿತ್ತು. ಅಮ್ಮ ಹೇಳುವ ನಾಲ್ಕು ದಿನವೇ ಅತ್ಯಂತ ಅಪಾಯದ ದಿನಗಳು ಎಂಬುದನ್ನು ಅವರಿಗೆ ನಿಧಾನವಾಗಿ ತಿಳಿಸಿ. ವೈದ್ಯರನ್ನು ಕಾಣುವವರೆಗೆ ಪೂರ್ತಿ ನಿಲ್ಲಿಸೆಂದು ಅಣ್ಣನವರನ್ನು ಬಲವಂತಪಡಿಸಬೇಡಿ.

ಆಸ್ಪತ್ರೆಯಲ್ಲಿ ಇದಕ್ಕೆ ಸರಿಯಾದ ಕ್ರಮವಿದೆ. ಕ್ಲೋರ್‌ಡಯಾಜೆಪಾಕ್ಸೈಡ್, ಡಯಾಜೆಪಾಮ್ ಅಥವಾ ಯಕೃತ್ತಿಗೆ (ಲಿವರ್) ಹಾನಿಯಾಗಿದ್ದರೆ ಲೋರಾಜೆಪಾಮ್‌ನಂಥ ಮಾತ್ರೆಯನ್ನು ವೈದ್ಯರ ನಿಗಾದಲ್ಲಿ ಕೊಟ್ಟು ದಿನದಿಂದ ದಿನಕ್ಕೆ ಇಳಿಸುತ್ತಾರೆ, ಜೊತೆಗೆ ಥಯಾಮಿನ್ ಅಂದರೆ ಬಿ1 ಜೀವಸತ್ವವನ್ನು ಕೊಡುತ್ತಾರೆ. ಇನ್ನೊಂದು ಮಾತು: ಸುಸ್ತಾಗಿದೆಯೆಂದು ಹತ್ತಿರದ ಕ್ಲಿನಿಕ್ಕಿನಲ್ಲಿ ಬರೀ ಗ್ಲೂಕೋಸ್ ಬಾಟಲಿ ಹಾಕಿಸುವ ರೂಢಿ ನಮ್ಮ ಕಡೆ ಇದೆ. ಬಹಳ ದಿನ ಕುಡಿದವರ ದೇಹದಲ್ಲಿ ಥಯಾಮಿನ್ ಕೊರತೆ ಇರುವುದರಿಂದ, ಅದನ್ನು ಕೊಡದೆ ಗ್ಲೂಕೋಸ್ ಏರಿಸಿದರೆ ಮಿದುಳಿಗೆ ಹಾನಿಯಾಗುವ ಸಂಭವವಿದೆ. ಆದ್ದರಿಂದ ಎಲ್ಲಿಗೇ ಹೋದರೂ ಕುಡಿತದ ವಿಷಯವನ್ನು ಮುಚ್ಚಿಡಬೇಡಿ.

ಪುಡಿಯನ್ನು ಎಸೆದುಬಿಡಿ. ಡೈಸಲ್ಫಿರಾಮ್ ಎಂಬ ಮಾತ್ರೆಯೊಂದು ವೈದ್ಯಕೀಯದಲ್ಲಿ ಇದೆ. ಅದನ್ನು ನುಂಗಿದವರು ಕುಡಿದರೆ ಮುಖ ಕೆಂಪೇರಿ, ವಾಂತಿಯಾಗಿ, ರಕ್ತದೊತ್ತಡ ಕುಸಿಯುತ್ತದೆ. ಅದನ್ನು ಪರೀಕ್ಷೆ ಮಾಡಿ, ರೋಗಿಗೆ ಎಲ್ಲವನ್ನೂ ವಿವರಿಸಿ, ಅವರು ಒಪ್ಪಿದ ಮೇಲೆಯೇ ಕೊಡುತ್ತಾರೆ. ಗುಟ್ಟಾಗಿ ಮಾರುವ ಪುಡಿಯಲ್ಲಿ ಅದೇ ಇದ್ದರೆ, ಏನೂ ತಿಳಿಯದೆ ಎಂದಿನಂತೆ ಕುಡಿದವರ ಹೃದಯವೇ ನಿಲ್ಲಬಹುದು. ಅದಿಲ್ಲದಿದ್ದರೆ ನೀವು ಕೊಟ್ಟ ಹಣ ದಂಡ.

ನಂಬಬಹುದಾದವರನ್ನು ಗುರುತಿಸಲು ನನ್ನ ಅಳತೆ ಸರಳವಾದುದು. ಕೊನೆಯ ಸಲ ಯಾವಾಗ ಕುಡಿದರು, ದಿನಕ್ಕೆ ಎಷ್ಟು, ಹಿಂದೆ ಬಿಟ್ಟಾಗ ಫಿಟ್ಸ್ ಬಂದಿತ್ತೇ, ಕಾಮಾಲೆ ಆಗಿತ್ತೇ, ಬೇರೆ ಯಾವ ಮಾತ್ರೆ ನುಂಗುತ್ತಾರೆ, ಸಾಯುವ ಮಾತಾಡಿದ್ದಾರೆಯೇ ಎಂದು ಕೇಳಿದ ಮೇಲೆ ಸಲಹೆ ಕೊಡುವವರು ಕೆಲಸ ಬಲ್ಲವರು. ಇದಾವುದನ್ನೂ ಕೇಳದೆ, ರೋಗಿಯ ಮುಖವನ್ನೂ ನೋಡದೆ ವಾಸಿಯಾಗುತ್ತದೆಂದು ಖಾತರಿ ಕೊಟ್ಟು ವಿಳಾಸ ಮತ್ತು ಹಣ ಕೇಳುವವರು ವ್ಯಾಪಾರಿಗಳು.

ಇನ್ನು ಎಲ್ಲಿಗೆ ಹೋಗಬೇಕೆಂಬುದು. ಕೋಲಾರದ ಎಸ್‌ಎನ್‌ಆರ್ ಜಿಲ್ಲಾ ಆಸ್ಪತ್ರೆಯಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ಮನೋವೈದ್ಯರನ್ನು ಕೇಳಿ. ಟಮಕದ ಆರ್.ಎಲ್. ಜಾಲಪ್ಪ ಆಸ್ಪತ್ರೆ ವೈದ್ಯಕೀಯ ಕಾಲೇಜಿಗೆ ಸೇರಿದ್ದರಿಂದ ಅಲ್ಲಿಯೂ ಮನೋವೈದ್ಯ ವಿಭಾಗವಿದೆ. ಮನೋಚೈತನ್ಯ ಕಾರ್ಯಕ್ರಮದಡಿ ಮನೋವೈದ್ಯರು ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗಳಿಗೇ ಬರುತ್ತಾರೆ. ಮುಳಬಾಗಿಲಿಗೆ ಯಾವ ಮಂಗಳವಾರ ಎಂಬುದನ್ನು ನಿಮ್ಮ ಊರಿನ ಆಶಾ ಕಾರ್ಯಕರ್ತೆಯ ಮೂಲಕ ವಿಚಾರಿಸಿ. ಪರಿಸ್ಥಿತಿ ಜಟಿಲವಾದರೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆಂದೇ ಪ್ರತ್ಯೇಕ ಕೇಂದ್ರವಿದೆ. ಹೊರಡುವ ಮುನ್ನ 14416ಕ್ಕೆ ಕರೆ ಮಾಡಿ. ಅದು 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಟೆಲಿ ಮನಸ್ ಸಹಾಯವಾಣಿ, ಕನ್ನಡದಲ್ಲಿಯೇ ಮಾತನಾಡುತ್ತಾರೆ, ಶುಲ್ಕವಿಲ್ಲ. ಕೇಂದ್ರ ಸರ್ಕಾರದ ವ್ಯಸನಮುಕ್ತಿ ಸಹಾಯವಾಣಿ 14446.

ಮಾಲೂರಿನವ:

ಇಷ್ಟೆಲ್ಲ ಆಸ್ಪತ್ರೆ, ಮಾತ್ರೆ ಬೇಕೇ ಎಂಬುದು ನನ್ನ ಅನುಮಾನ. ನಮ್ಮ ಸೋದರಮಾವ ಹತ್ತಾರು ವರ್ಷ ಕುಡಿದವರು, ಮಗಳ ಮದುವೆ ಗೊತ್ತಾದ ದಿನ ಬಿಟ್ಟವರು ಮತ್ತೆ ಮುಟ್ಟಲಿಲ್ಲ. ಮನಸ್ಸು ಗಟ್ಟಿ ಇದ್ದರೆ ಸಾಕು.

ನಿವೃತ್ತ ಶುಶ್ರೂಷಕಿ, ಕೋಲಾರ:

ನಿಮ್ಮ ಮಾವನವರ ವಿಷಯ ಸಂತೋಷದ್ದು, ಅಂಥವರೂ ಇದ್ದಾರೆ. ಆದರೆ ಎಲ್ಲರ ಕುಡಿತ ಒಂದೇ ಹಂತದಲ್ಲಿ ಇರುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಆಡಿಟ್ ಎಂಬ ಹತ್ತು ಪ್ರಶ್ನೆಗಳ ಪಟ್ಟಿಯೊಂದಿದೆ. ಅದರಲ್ಲಿ ಒಟ್ಟು 40 ಅಂಕ. 8 ಅಥವಾ ಹೆಚ್ಚು ಬಂದರೆ ಎಚ್ಚರಿಕೆ ಬೇಕು, 20 ಅಥವಾ ಹೆಚ್ಚು ಬಂದರೆ ಅವಲಂಬನೆಯ ಸಂಭವವಿದೆ, ತಜ್ಞರೇ ನೋಡಬೇಕು ಎಂದು ಲೆಕ್ಕ. ಎದ್ದ ಕೂಡಲೇ ಕುಡಿಯಬೇಕಾಗುತ್ತದೆಯೇ ಎಂಬುದು ಅದರಲ್ಲಿನ ಒಂದು ಪ್ರಶ್ನೆ. ಈ ತಂಗಿಯ ಅಣ್ಣನಿಗೆ ಬಿಡುವ ಮನಸ್ಸಿದೆ, ಅವರೇ ಬಾಯಿಬಿಟ್ಟು ಹೇಳಿದ್ದಾರೆ. ತಡೆಯುತ್ತಿರುವುದು ದೇಹ. ದೆಹಲಿಯ ಏಮ್ಸ್ ನೇತೃತ್ವದಲ್ಲಿ ನಡೆದು 2019ರಲ್ಲಿ ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ, ಮದ್ಯಕ್ಕೆ ಅವಲಂಬಿತರಾದ 38 ಮಂದಿಯಲ್ಲಿ ಒಬ್ಬರಿಗೆ ಮಾತ್ರ ಯಾವುದಾದರೂ ಚಿಕಿತ್ಸೆ ಸಿಕ್ಕಿತ್ತು. ಮಿಕ್ಕ 37 ಮಂದಿಯ ಮನೆಗಳಲ್ಲಿ ನೀವು ಹೇಳಿದ ಮಾತನ್ನೇ ಹೇಳುತ್ತಿರುತ್ತಾರೆ.

ವಕೀಲರು, ಕೋಲಾರ:

ರಾತ್ರಿ ವಾಹನ ತಂದು ಕರೆದೊಯ್ಯುವ ಕೇಂದ್ರದ ಬಗ್ಗೆ ಮಾತ್ರ ನಾನು ಬರೆಯುತ್ತೇನೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯು 2018ರ ಮೇ ತಿಂಗಳಿನಿಂದ ಜಾರಿಯಲ್ಲಿದೆ, ಮತ್ತು ಮದ್ಯ ಹಾಗೂ ಮಾದಕವಸ್ತುಗಳ ದುರ್ಬಳಕೆಗೆ ಸಂಬಂಧಿಸಿದ ಸ್ಥಿತಿಗಳನ್ನೂ ಆ ಕಾಯ್ದೆ ತನ್ನ ವ್ಯಾಖ್ಯಾನದೊಳಗೆ ತಂದಿದೆ. ಆದ್ದರಿಂದ ಇಂಥವರನ್ನು ಒಳರೋಗಿಗಳಾಗಿ ಇರಿಸಿಕೊಳ್ಳುವ ಸಂಸ್ಥೆ ರಾಜ್ಯ ಮಾನಸಿಕ ಆರೋಗ್ಯ ಪ್ರಾಧಿಕಾರದಲ್ಲಿ ನೋಂದಣಿಯಾಗಿರಬೇಕು. ನೋಂದಣಿ ಪತ್ರವನ್ನು ತೋರಿಸಿ ಎಂದು ಕೇಳಿ. ತೋರಿಸಲು ಹಿಂಜರಿದರೆ ಅಲ್ಲಿಗೆ ಮಾತು ಮುಗಿಸಿ.

ವ್ಯಕ್ತಿ ಒಪ್ಪಿ ದಾಖಲಾದರೆ ಅದು ಸ್ವತಂತ್ರ ದಾಖಲಾತಿ. ಒಪ್ಪದವರನ್ನು ದಾಖಲಿಸಲು 89ನೇ ಕಲಂ ಇದೆ, ಆದರೆ ಅದು ಮನೆಯವರ ಇಷ್ಟದಂತೆ ನಡೆಯುವುದಿಲ್ಲ. ರೋಗಿಯ ನಾಮನಿರ್ದೇಶಿತ ಪ್ರತಿನಿಧಿಯ, ಅಂದರೆ ಕಾಯ್ದೆಯಡಿ ರೋಗಿಯ ಪರವಾಗಿ ನಿಲ್ಲುವವರ, ಅರ್ಜಿ ಬೇಕು. ಒಬ್ಬ ಮನೋವೈದ್ಯ ಹಾಗೂ ಇನ್ನೊಬ್ಬ ತಜ್ಞ ಅಥವಾ ವೈದ್ಯ ಬೇರೆ ಬೇರೆಯಾಗಿ ಪರೀಕ್ಷಿಸಿ, ತನಗೋ ಇತರರಿಗೋ ಹಾನಿ ಮಾಡುವಂಥ ಅಥವಾ ತನ್ನನ್ನು ತಾನು ನೋಡಿಕೊಳ್ಳಲಾಗದಂಥ ಸ್ಥಿತಿಯಿದೆ ಎಂದು ಒಪ್ಪಬೇಕು. ಆಗಲೂ ಮೊದಲ ಅವಧಿ 30 ದಿನ ಮೀರುವಂತಿಲ್ಲ. ಫೋನಿನಲ್ಲಿಯೇ ಮೂರು ತಿಂಗಳೆಂದು ನಿಗದಿ ಮಾಡುವವರು ಯಾವ ಪರೀಕ್ಷೆಯ ಆಧಾರದ ಮೇಲೆ ಹಾಗೆ ಹೇಳಿದರೋ ತಿಳಿಯದು. ದಾಖಲಾದವರಿಗೆ ಮನೆಯವರನ್ನು ಭೇಟಿಯಾಗುವ, ಫೋನಿನಲ್ಲಿ ಮಾತನಾಡುವ ಹಕ್ಕಿದೆ. ಸರಪಳಿ ಹಾಕುವುದು, ಬಲವಂತವಾಗಿ ತಲೆ ಬೋಳಿಸುವುದು, ಇಷ್ಟವಿಲ್ಲದ ಕೆಲಸ ಮಾಡಿಸುವುದು ನಿಷಿದ್ಧ. ಇದೇ ಕಾಯ್ದೆಯ ಪ್ರಕಾರ ವಿಮಾ ಕಂಪನಿಗಳು ದೈಹಿಕ ಕಾಯಿಲೆಗೆ ಕೊಡುವಂತೆಯೇ ಮಾನಸಿಕ ಕಾಯಿಲೆಗೂ ವಿಮೆಯ ಏರ್ಪಾಡು ಮಾಡಬೇಕು. ನಿಮ್ಮ ಪಾಲಿಸಿಯನ್ನು ಒಮ್ಮೆ ಓದಿ ನೋಡಿ.

ಬಂಗಾರಪೇಟೆಯ ಸಹವ್ಯಸನಿ:

ಮೇಲಿನ ಇಬ್ಬರೂ ಹೇಳಿದ್ದಕ್ಕೆ, ಕುಡಿದು ಬಿಟ್ಟವನಾಗಿ ನಾನು ಸೇರಿಸಬೇಕಾದದ್ದು ಆಸ್ಪತ್ರೆಯಿಂದ ಹೊರಗೆ ಬಂದ ಮೇಲಿನ ಸಂಗತಿ. ನಡುಕ ನಿಲ್ಲಲು ಒಂದೆರಡು ವಾರ ಸಾಕು. ಕಷ್ಟವಿರುವುದು ಆಮೇಲೆ, ಮಂಡಿಯಲ್ಲಿ ದುಡ್ಡು ಕೈಗೆ ಬಂದ ಸಂಜೆ, ಜೊತೆಯವರು ಎಂಆರ್‌ಪಿ ಅಂಗಡಿಯ ಕಡೆ ತಿರುಗಿದಾಗ. 2007ರ ಜುಲೈ 1ರಿಂದ ಸಾರಾಯಿ ನಿಂತಿತೆಂದು ನಮ್ಮೂರಿನ ಹೆಂಗಸರು ಸಂಭ್ರಮಪಟ್ಟಿದ್ದರು. ನಾವು ಅಗ್ಗದ ವಿಸ್ಕಿಯ ಪ್ಯಾಕೆಟ್ಟಿಗೆ ತಿರುಗಿಕೊಂಡೆವು. ಆ ಆಸೆ ತಗ್ಗಲು ನಾಲ್‌ಟ್ರೆಕ್ಸೋನ್, ಅಕಾಂಪ್ರೊಸೇಟ್‌ನಂಥ ಮಾತ್ರೆಗಳಿವೆ, ನಿಮ್ಮಣ್ಣನಿಗೆ ಹೊಂದುತ್ತವೆಯೇ ಎಂದು ವೈದ್ಯರನ್ನು ಕೇಳಿ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಆಲ್ಕೊಹಾಲಿಕ್ಸ್ ಅನಾನಿಮಸ್ ಸಭೆ. 1935ರಲ್ಲಿ ಅಮೆರಿಕದಲ್ಲಿ ಇಬ್ಬರು ಕುಡುಕರಿಂದ ಶುರುವಾದ ಇದಕ್ಕೆ ಶುಲ್ಕವಿಲ್ಲ, ಜಾತಿ ಮತ ಕೇಳುವುದಿಲ್ಲ, ಪೂರ್ತಿ ಹೆಸರು ಹೇಳಬೇಕಾಗಿಯೂ ಇಲ್ಲ. ಕನ್ನಡದಲ್ಲಿ ಮಾತನಾಡುವ ಗುಂಪುಗಳಿವೆ. ಮೊದಲ ಸಭೆಯಲ್ಲಿ ನಾನು ಬಾಗಿಲ ಬಳಿಯ ಕುರ್ಚಿಯಲ್ಲಿ, ಚಪ್ಪಲಿಯನ್ನೂ ಬಿಡದೆ, ಎದ್ದು ಹೋಗಲು ಸಿದ್ಧನಾಗಿಯೇ ಕುಳಿತಿದ್ದೆ; ಟೀ ತಂದುಕೊಟ್ಟವರು ಲೋಟವನ್ನು ಅರ್ಧ ಮಾತ್ರ ತುಂಬಿಸಿದ್ದರು, ನಡುಗುವ ಕೈಯಲ್ಲಿ ಚೆಲ್ಲಬಾರದೆಂದು. ಇದು ಎಲ್ಲರಿಗೂ ಒಗ್ಗುತ್ತದೆ ಎನ್ನಲಾರೆ. ಧರ್ಮಸ್ಥಳದ ಜನಜಾಗೃತಿ ವೇದಿಕೆಯವರು ಊರೂರಿನಲ್ಲಿ ನಡೆಸುವ ಮದ್ಯವರ್ಜನ ಶಿಬಿರಗಳಿಂದ ಬಿಟ್ಟವರನ್ನೂ ಬಲ್ಲೆ. ಆದರೆ ನಿಮ್ಮಣ್ಣನಂತೆ ಬೆಳಿಗ್ಗೆ ನಡುಕ ಇರುವವರು ಶಿಬಿರಕ್ಕೆ ಹೋಗುವುದಾದರೂ ಮೊದಲು ವೈದ್ಯರಿಗೆ ತೋರಿಸಿಕೊಂಡೇ ಹೋಗಲಿ. ಮತ್ತೆ ಕುಡಿದರೆಂದು ಎಲ್ಲ ಮುಗಿಯಿತೆಂದೂ ತಿಳಿಯಬೇಡಿ. ಸಕ್ಕರೆ ಕಾಯಿಲೆಯವರಿಗೆ ಸಕ್ಕರೆ ಏರಿದಾಗ ಮತ್ತೆ ಡಾಕ್ಟರ ಬಳಿ ಹೋಗುವುದಿಲ್ಲವೇ, ಹಾಗೆಯೇ ಇದು.

ಮುಳಬಾಗಿಲಿನ ತಂಗಿ:

ಎಲ್ಲರಿಗೂ ಧನ್ಯವಾದ. ಅಮ್ಮನಿಗೆ ಓದಿ ಹೇಳಿದೆ, ಕೂಡಿಹಾಕುವ ಮಾತು ಬಿಟ್ಟಿದ್ದಾರೆ. ಪುಡಿಯನ್ನು ಎಸೆದಾಯಿತು. ಶುಶ್ರೂಷಕಿ ಅಕ್ಕನವರಲ್ಲಿ ಎರಡು ಪ್ರಶ್ನೆ. ಹುಚ್ಚರ ಡಾಕ್ಟರ ಹತ್ತಿರ ತಾನು ಬರುವುದಿಲ್ಲ, ಊರಿಗೆಲ್ಲ ಗೊತ್ತಾಗುತ್ತದೆ ಎಂದು ಅಣ್ಣ ಹೇಳಿದರೆ ಏನು ಮಾಡಲಿ? ಕುಡಿದಾಗ ಅತ್ತಿಗೆಯ ಮೇಲೆ ಒಂದೆರಡು ಸಲ ಕೈಮಾಡಿದ್ದಾನೆ, ಅದಕ್ಕೆ ಏನು ದಾರಿ?

ನಿವೃತ್ತ ಶುಶ್ರೂಷಕಿ, ಕೋಲಾರ:

ಎರಡನೆಯದಕ್ಕೆ ಮೊದಲು ಹೇಳುತ್ತೇನೆ. ಅವರ ಕಾಯಿಲೆ ವಾಸಿಯಾಗುವವರೆಗೆ ಅತ್ತಿಗೆ ಏಟು ತಿನ್ನುತ್ತಾ ಕಾಯಬೇಕಾಗಿಲ್ಲ. ತುರ್ತಿಗೆ 112, ಮಹಿಳಾ ಸಹಾಯವಾಣಿ 181. ಎರಡನ್ನೂ ಅವರ ಫೋನಿನಲ್ಲಿ ಉಳಿಸಿಕೊಡಿ, ಯಾವ ಮನೆಗೆ ಮಕ್ಕಳೊಡನೆ ಹೋಗಬಹುದೆಂದು ಈಗಲೇ ಮಾತಾಡಿಕೊಳ್ಳಿ. ಕುಡಿಯುವವರ ಮನೆಯವರಿಗೆಂದೇ ಅಲ್-ಅನಾನ್ ಎಂಬ ಗುಂಪುಗಳಿವೆ, ಟೆಲಿ ಮನಸ್‌ಗೂ ಅತ್ತಿಗೆ ತಮ್ಮ ಪರವಾಗಿಯೇ ಕರೆ ಮಾಡಬಹುದು.

ಅಣ್ಣನವರ ಜೊತೆ ಮಾತನಾಡುವುದಾದರೆ ಬೆಳಗಿನ ಹೊತ್ತು, ನಡುಕ ತಗ್ಗಿ ಸಮಾಧಾನದಲ್ಲಿದ್ದಾಗ ಮಾತನಾಡಿ. ಕುಡಿತದ ಹೆಸರೆತ್ತದೆ, ಕೈ ನಡುಗುತ್ತದಲ್ಲ, ನಿದ್ದೆ ಬರುತ್ತಿಲ್ಲವಲ್ಲ, ಅದನ್ನು ತೋರಿಸಿಕೊಂಡು ಬರೋಣ ಎನ್ನಿ. ಅದು ಸುಳ್ಳೇನೂ ಅಲ್ಲ. ತಾಲ್ಲೂಕು ಆಸ್ಪತ್ರೆಯ ಸಾಮಾನ್ಯ ಚೀಟಿಯಲ್ಲಿ ಯಾವ ಕಾಯಿಲೆಯೆಂದು ಹೊರಗಿನವರಿಗೆ ತಿಳಿಯುವುದಿಲ್ಲ, ವೈದ್ಯರು ಗುಟ್ಟು ಕಾಯುವುದು ಕಾನೂನಿನ ಕರ್ತವ್ಯವೂ ಹೌದು. ಹೋಗುವಾಗ ಒಂದು ಹಾಳೆಯಲ್ಲಿ ದಿನಕ್ಕೆ ಎಷ್ಟು ಪ್ಯಾಕೆಟ್, ಎಷ್ಟು ವರ್ಷದಿಂದ, ಬೆಳಿಗ್ಗೆ ಎಷ್ಟು ಗಂಟೆಗೆ ಮೊದಲನೆಯದು, ಹಿಂದೆ ಬಿಟ್ಟಾಗ ಏನಾಯಿತು ಎಂಬುದನ್ನು ಅತ್ತಿಗೆಯಿಂದ ಬರೆಸಿಕೊಂಡು ಹೋಗಿ. ಆಧಾರ್, ರೇಷನ್ ಕಾರ್ಡು ಜೊತೆಗಿರಲಿ. ಮಂಗಳವಾರದವರೆಗೆ ಕಾಯುವ ನಡುವೆ ಫಿಟ್ಸ್ ಬಂದರೆ, ಅಸಂಬದ್ಧವಾಗಿ ಮಾತಾಡತೊಡಗಿದರೆ ಅಥವಾ ರಕ್ತ ವಾಂತಿಯಾದರೆ ಮಂಗಳವಾರವನ್ನು ನೋಡದೆ 108ಕ್ಕೆ ಫೋನ್ ಮಾಡಿ ನೇರವಾಗಿ ಜಿಲ್ಲಾ ಆಸ್ಪತ್ರೆಗೆ ಕರೆತನ್ನಿ.