ಮಕ್ಕಳಿಗೆ ವರ್ಷಕ್ಕೊಂದು ಕ್ರಿಸ್‌ಮಸ್ ಆರ್ನಮೆಂಟ್: ಯಾರಾದರೂ ಕೂಡಿಸಿದ್ದೀರಾ?

ಮಿಶಿಗನ್‌ತುಂಗೆ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಮಗಳಿಗೆ ಐದು ವರ್ಷ, ಮಗನಿಗೆ ಎರಡು. ನಾವು ಕ್ರೈಸ್ತರಲ್ಲ, ಆದರೆ ಮಗಳು ಸ್ಕೂಲಿಗೆ ಹೋಗೋಕೆ ಶುರು ಮಾಡಿದಾಗಿನಿಂದ ಡಿಸೆಂಬರ್‌ನಲ್ಲಿ ಮನೇಲಿ ಟ್ರೀ ಇಡ್ತೀವಿ. ಪಕ್ಕದ ಮನೆ ಅಜ್ಜಿ ತಮ್ಮ ಒಬ್ಬೊಬ್ಬ ಮಗುವಿಗೂ ಹುಟ್ಟಿದ ವರ್ಷದಿಂದ ವರ್ಷಕ್ಕೊಂದು ಆರ್ನಮೆಂಟ್ (ಟ್ರೀಗೆ ತೂಗುಹಾಕೋ ಅಲಂಕಾರದ ಸಾಮಾನು) ತೆಗೆದಿಟ್ಟು, ಅವರು ಮನೆ ಬಿಟ್ಟು ಹೋಗುವಾಗ ಪೆಟ್ಟಿಗೆ ಸಮೇತ ಕೊಟ್ಟರಂತೆ. ಕೇಳಿದಾಗಿನಿಂದ ನನಗೂ ಅದೇ ಆಸೆ. ಅಂಗಡಿಯಲ್ಲಿ ವರ್ಷವರ್ಷ ಬಿಡೋ ಸೀರೀಸ್ ಹಿಡಿಯೋದು ಒಳ್ಳೇದಾ, ಪ್ರತಿ ಸಲ ಬೇರೆ ಬೇರೆ ಕೊಳ್ಳೋದಾ? ಮಗಳ ಕಳೆದುಹೋದ ವರ್ಷಗಳಿಗೆ ಏನು ಮಾಡಲಿ? ಗಾಜಿನವನ್ನು ಹೇಗೆ ಇಡೋದು? ಅತ್ತೆ ಮೈಸೂರಿನಿಂದ ಬಂದಿದ್ದಾರೆ. "ಒಡೆಯೋ ಸಾಮಾನು ಮಕ್ಕಳಿಗ್ಯಾಕಮ್ಮ?" ಅಂತಾರೆ. ಅವರಿಗೂ ಏನಾದ್ರೂ ಹೇಳಬೇಕು.

ಹಳೆಪೆಟ್ಟಿಗೆ ಉತ್ತರ:

ತಂಗಿ, ನಾವಿರುವುದು ವಿಸ್ಕಾನ್ಸಿನ್‌ನಲ್ಲಿ. ಇಬ್ಬರು ಮಕ್ಕಳಿಗೂ ಇದನ್ನು ಮಾಡಿದ್ದೇನೆ. ಮಗಳು ಈಗ ಮಿನಿಯಾಪೊಲಿಸ್‌ನಲ್ಲಿ ಕೆಲಸದಲ್ಲಿದ್ದಾಳೆ, ಅವಳ ಪೆಟ್ಟಿಗೆ ಅವಳ ಜೊತೆಗೇ ಹೋಯಿತು.

ಸೀರೀಸ್ ಬೇಡ. ಗ್ರೀಟಿಂಗ್ ಕಾರ್ಡ್ ಕಂಪನಿ ಹಾಲ್‌ಮಾರ್ಕ್‌ನವರು 1973ರಿಂದ ಕೀಪ್‌ಸೇಕ್ ಆರ್ನಮೆಂಟ್ ಮಾಡುತ್ತಿದ್ದಾರೆ, ಅವುಗಳ ಕೆಲಸ ನಿಜಕ್ಕೂ ಚೆಂದ. ಆದರೆ ಸೀರೀಸ್ ಹಿಡಿದರೆ ಆ ವರ್ಷ ಏನು ಬರಬೇಕೆಂದು ಕಂಪನಿ ಹೇಳುತ್ತದೆ, ಮಗು ಹೇಳುವುದಿಲ್ಲ. ನನ್ನ ಮಗ ಒಂದು ವರ್ಷ ಅನಾನಸ್ ಬಿಟ್ಟು ಬೇರೆ ಹಣ್ಣನ್ನೇ ಮುಟ್ಟಲಿಲ್ಲ, ಆ ವರ್ಷದ್ದು ಗಾಜಿನ ಅನಾನಸ್. ಅಪಾರ್ಟ್‌ಮೆಂಟ್ ಬಿಟ್ಟು ಸ್ವಂತ ಮನೆಗೆ ಬಂದ ವರ್ಷ ಇಬ್ಬರಿಗೂ ತಗಡಿನ ಪುಟ್ಟ ಮನೆ. ಊರಿಗೆ ಹೋಗಿದ್ದ ಬೇಸಿಗೆಯಲ್ಲಿ ಚನ್ನಪಟ್ಟಣದಲ್ಲಿ ಕಾರು ನಿಲ್ಲಿಸಿ ಮಕ್ಕಳಿಗೆ ಚರಕಿ ಯಂತ್ರ ತೋರಿಸಿದೆವು. ತಿರುಗುವ ಮರಕ್ಕೆ ಅರಗಿನ ಕಡ್ಡಿ ಒತ್ತಿದರೆ ಉಜ್ಜಿದ ಬಿಸಿಗೇ ಬಣ್ಣ ಕರಗಿ ಹತ್ತುವುದನ್ನು ಮಗಳು ಬಾಯಿ ಬಿಟ್ಟುಕೊಂಡು ನೋಡುತ್ತಾ ನಿಂತಿದ್ದಳು. ಅಲ್ಲಿ ಕೊಂಡ ಬುಗುರಿಯ ಹಿಡಿಗೆ ದಾರ ಕಟ್ಟಿ ಟ್ರೀಗೆ ತೂಗುಹಾಕಿದೆವು. ಅವಳ ಪೆಟ್ಟಿಗೆಯಲ್ಲಿ ನನಗೆ ಅತಿ ಇಷ್ಟದ್ದು ಅದು. ನಾಲ್ಕು ವರ್ಷ ದಾಟಿದ ಮೇಲೆ ಮಗುವೇ ಆರಿಸಲಿ, ನಿಮಗೆ ಎಷ್ಟೇ ವಿಕಾರವಾಗಿ ಕಂಡರೂ ಬೇಡ ಅನ್ನಬೇಡಿ.

ಒಂದು ನೋಟ್‌ಬುಕ್ ಇಡಿ. ವರ್ಷ, ಯಾರದ್ದು, ಯಾಕೆ ಕೊಂಡೆವು, ಒಂದೊಂದು ಸಾಲು ಸಾಕು. ಆರ್ನಮೆಂಟ್‌ಗಿಂತ ಈ ನೋಟ್‌ಬುಕ್ ದೊಡ್ಡದು ಅನ್ನುತ್ತೇನೆ, ಯಾಕೆಂದರೆ ಹತ್ತು ವರ್ಷ ಕಳೆದರೆ ಅನಾನಸ್ ಯಾಕೆ ಬಂತೆಂದು ಮನೆಯಲ್ಲಿ ಯಾರಿಗೂ ನೆನಪಿರುವುದಿಲ್ಲ. ಮೊದಲ ದಿನದಿಂದಲೇ ಇಬ್ಬರಿಗೂ ಬೇರೆ ಬೇರೆ ಪೆಟ್ಟಿಗೆ ಮಾಡಿ. ಹೆಸರು, ವರ್ಷವನ್ನು ಬಣ್ಣದ ಮೇಲೆ ಬರೆಯಬೇಡಿ, ಚೀಟಿಯಲ್ಲಿ ಬರೆದು ಕಟ್ಟಿ.

ಹಿಂದಿನ ವರ್ಷಗಳಿಗೆಂದು ಹಳೇ ಇಸವಿ ಬರೆದದ್ದನ್ನು ಹುಡುಕಿಕೊಂಡು ಹೋಗಬೇಡಿ. ಬಿಚ್ಚಿ ಮುಚ್ಚಬಹುದಾದ ಪ್ಲಾಸ್ಟಿಕ್ ಗೋಲಗಳು ಕ್ರಾಫ್ಟ್ ಅಂಗಡಿಯಲ್ಲಿ ಸಿಗುತ್ತವೆ. ಆಸ್ಪತ್ರೆಯಲ್ಲಿ ಕೈಗೆ ಕಟ್ಟಿದ್ದ ಪಟ್ಟಿ, ಮೊದಲ ಕಾಲುಚೀಲ, ಕುಲಾವಿಯ ಒಂದು ತುಣುಕು, ಏನಿದೆಯೋ ಅದನ್ನು ಒಳಗಿಡಿ.

ಇನ್ನೊಂದು ಮಾತು, ಇದನ್ನು ಯಾರೂ ಮುಂಚೆ ಹೇಳುವುದಿಲ್ಲ. ಮಕ್ಕಳು ಪೆಟ್ಟಿಗೆ ಒಯ್ದ ಮೇಲೆ ನಿಮ್ಮ ಟ್ರೀ ಬೋಳಾಗುತ್ತದೆ. ಹಾಗಾಗಿ ನಿಮ್ಮಿಬ್ಬರಿಗೆಂದೂ ಪ್ರತಿವರ್ಷ ಒಂದು ತೆಗೆದಿಡಿ.

ಅತ್ತೆಯವರು ಮೈಸೂರಿನವರಾದರೆ ಅವರ ಪಟ್ಟದ ಬೊಂಬೆ ಎಲ್ಲಿಂದ ಬಂತೆಂದು ಕೇಳಿ. ತವರಿನವರು ಮದುವೆಯಲ್ಲಿ ಕೊಟ್ಟದ್ದು ಅಂದರೆ ಮುಂದೆ ನೀವೇನೂ ಹೇಳಬೇಕಾಗಿಲ್ಲ.

ಕಡಲತಡಿ ಉತ್ತರ:

ನಮ್ಮದು ಮಂಗಳೂರು ಮಾರ್ರೆ, ಇಲ್ಲಿ ಟ್ರೀಗಿಂತ ಗೋದಲಿ (ಯೇಸು ಹುಟ್ಟಿದ ಕೊಟ್ಟಿಗೆಯ ಗೊಂಬೆ ಅಲಂಕಾರ) ದೊಡ್ಡದು. ಅಪ್ಪ ನಮಗೆ ಮಕ್ಕಳಿಗೆ ಒಬ್ಬೊಬ್ಬರಿಗೆ ಒಂದೊಂದು ಮಣ್ಣಿನ ಗೊಂಬೆ ತಂದುಕೊಡುತ್ತಿದ್ದರು. ನನ್ನದು ಕುರಿ, ಅಕ್ಕನದ್ದು ಕುರುಬ, ಅಣ್ಣನದ್ದು ಒಂಟೆ. ಅವರವರದ್ದನ್ನು ಅವರವರೇ ಇಡಬೇಕು, ಬೇರೆಯವರು ಮುಟ್ಟಿದರೆ ಗಲಾಟೆ. ಬಾಲಯೇಸುವನ್ನು ಮಾತ್ರ 24ರ ರಾತ್ರಿ ಮನೆಯಲ್ಲಿ ಎಲ್ಲರಿಗಿಂತ ಸಣ್ಣವರು ಇಡುವುದು. ಅಕ್ಕ ಮದುವೆಯಾಗಿ ಹೋಗುವಾಗ ಕುರುಬನನ್ನು ಕೊಂಡುಹೋದಳು, ಅಮ್ಮ ಅವನ ಜಾಗದಲ್ಲಿ ಬೇರೆ ಗೊಂಬೆ ಇಡಲು ಇನ್ನೂ ಬಿಡುವುದಿಲ್ಲ. ನಿಮ್ಮ ಮನೆಯಲ್ಲೂ ಅವರವರದ್ದನ್ನು ಮಕ್ಕಳೇ ತೂಗುಹಾಕಲಿ. ವಸ್ತುವಿಗಿಂತ ಆ ಹಕ್ಕು ಮಕ್ಕಳಿಗೆ ತುಂಬ ಖುಷಿ.

ಗಾಜುಗೋಲ ಉತ್ತರ:

ಗಾಜಿನ ಬಗ್ಗೆ ನಾನು ಹೇಳುತ್ತೇನೆ, ಒಹಾಯೋದಲ್ಲಿ ಎಸ್ಟೇಟ್ ಸೇಲ್‌ಗಳಲ್ಲಿ (ತೀರಿಕೊಂಡವರ ಮನೆ ಸಾಮಾನಿನ ಮಾರಾಟ) ಹಳೆಯವನ್ನು ಹುಡುಕಿ ಕೊಳ್ಳುವವನು. ಗಾಜಿನ ಗೋಲದ ಹೊಳಪು ಇರುವುದು ಒಳಗಡೆ, ಬೆಳ್ಳಿಯ ತೆಳು ಲೇಪದಲ್ಲಿ. ಮೇಲಿನ ಬಣ್ಣವೂ ನೀರಿಗೆ ಏಳುತ್ತದೆ. ಆದ್ದರಿಂದ ತೊಳೆಯಬೇಡಿ, ಒಣ ಮೆತ್ತನೆ ಬ್ರಷ್ಷಿನಿಂದ ಧೂಳು ತೆಗೆದರೆ ಸಾಕು. ಆಮ್ಲರಹಿತ ಟಿಶ್ಯೂ ಕಾಗದದಲ್ಲಿ ಸುತ್ತಿ, ನ್ಯೂಸ್‌ಪೇಪರ್ ಬೇಡ, ಶಾಯಿ ಅಂಟುತ್ತದೆ. ಅಟ್ಟ ಬೇಸಿಗೆಯಲ್ಲಿ ಕಾಯುತ್ತದೆ, ಬೇಸ್‌ಮೆಂಟ್ ತೇವ. ಮಲಗುವ ಕೋಣೆಯ ಕಪಾಟೇ ವಾಸಿ.

ಈ ಗೋಲಗಳ ತವರು ಜರ್ಮನಿಯ ಲೌಷಾ ಊರು. ಅಲ್ಲಿ ಮನೆಮನೆಯಲ್ಲೂ ಗಾಜು ಊದುತ್ತಿದ್ದರು. 1880ರ ಹೊತ್ತಿಗೆ ವೂಲ್‌ವರ್ತ್ ತನ್ನ ಅಂಗಡಿಗಳಲ್ಲಿ ಮಾರತೊಡಗಿದ ಮೇಲೆ ಅಮೆರಿಕದ ಸಾಮಾನ್ಯರ ಮನೆಗೂ ಬಂದವು. ಎರಡನೇ ಮಹಾಯುದ್ಧ ಹತ್ತಿರವಾಗಿ ಜರ್ಮನಿಯ ಸರಕಿನ ದಾರಿ ಮುಚ್ಚಿದಾಗ ಕಾರ್ನಿಂಗ್ ಕಂಪನಿ ಬಲ್ಬ್ ಮಾಡುವ ಯಂತ್ರದಲ್ಲೇ ಗೋಲ ತೆಗೆಯಿತು. ಯುದ್ಧದ ವರ್ಷಗಳವನ್ನು ನೋಡಿದೊಡನೆ ಗುರುತಿಸಬಹುದು: ಒಳಗೆ ಬೆಳ್ಳಿ ಇಲ್ಲ, ಗಾಜು ಪಾರದರ್ಶಕ, ಮೇಲೆ ತೆಳ್ಳನೆ ಬಣ್ಣದ ಗೆರೆ, ಲೋಹದ ಟೋಪಿಯ ಬದಲು ರಟ್ಟಿನದು. ಲೋಹವನ್ನೆಲ್ಲ ಯುದ್ಧಕ್ಕೆ ಎತ್ತಿಟ್ಟ ಕಾಲದ ತಾಯಂದಿರೂ ಮಕ್ಕಳಿಗೆಂದು ಇವನ್ನು ಕೊಂಡರಲ್ಲ ಅಂತ ನನಗೆ ಇವುಗಳ ಮೇಲೆ ಬಹಳ ಪ್ರೀತಿ. ಆದರೆ ತೀರಾ ಹಳೆಯವನ್ನು ಎರಡು ವರ್ಷದವನ ಕೈಗೆ ಕೊಡಬೇಡಿ, ಬಣ್ಣದಲ್ಲಿ ಸೀಸ ಇರಬಹುದು.

ನೀವು ಮಿಶಿಗನ್‌ನಲ್ಲೇ ಇದ್ದೀರಿ, ಫ್ರಾಂಕನ್‌ಮುತ್ ಊರಿನ ಬ್ರಾನರ್ಸ್ ಎಂಬ ಕ್ರಿಸ್‌ಮಸ್ ಸಾಮಾನಿನ ಅಂಗಡಿಗೆ ಮಕ್ಕಳನ್ನು ಕರೆದುಕೊಂಡು ಹೋಗಿ. ವರ್ಷದ 361 ದಿನ ತೆರೆದಿರುತ್ತದೆ, ಕೊಂಡದ್ದರ ಮೇಲೆ ಹೆಸರನ್ನೂ ಬರೆದುಕೊಡುತ್ತಾರೆ.

ಮಿಶಿಗನ್‌ತುಂಗೆ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಅತ್ತೆಗೆ ಪಟ್ಟದ ಬೊಂಬೆ ವಿಷಯ ಕೇಳಿದೆ, ಅವರ ಅಮ್ಮ ಕೊಟ್ಟಿದ್ದಂತೆ. ಆಮೇಲೆ ಒಂದು ಗಂಟೆ ತವರಿನ ನವರಾತ್ರಿ ಕಥೆಯೇ ಆಯ್ತು. ಮಗನ ಹುಟ್ಟಿದ ವರ್ಷಕ್ಕೆ ಅವರೇ ಹೊಲಿದ ಕುಲಾವಿ ಇದೆ, ಗೋಲದೊಳಗೆ ಅದೇ. ಇನ್ನೊಂದು ಪ್ರಶ್ನೆ: ಈ ವರ್ಷದ್ದು ಮೈದಾ, ಉಪ್ಪು ಕಲಸಿ ಇಬ್ಬರ ಅಂಗೈ ಅಚ್ಚು ಮಾಡೋಣ ಅಂತಿದ್ದೀವಿ, ಬಾಳಿಕೆ ಬರುತ್ತಾ?

ಹಳೆಪೆಟ್ಟಿಗೆ:

ಬರುತ್ತದೆ. ಎರಡು ಲೋಟ ಮೈದಾಕ್ಕೆ ಒಂದು ಲೋಟ ಉಪ್ಪು, ಒಂದು ಲೋಟ ನೀರು. ತೆಳ್ಳಗೆ ಲಟ್ಟಿಸಿ, ದಾರಕ್ಕೆ ತೂತು ಮಾಡಿ, ಸಣ್ಣ ಉರಿಯ ಓವನ್‌ನಲ್ಲಿ ಕಲ್ಲಿನಷ್ಟು ಗಟ್ಟಿಯಾಗುವವರೆಗೆ ಒಣಗಿಸಿ, ಎರಡೂ ಕಡೆ ವಾರ್ನಿಷ್ ಹೊಡೆಯಿರಿ. ತೇವ ತಗುಲಿದರೆ ಮೆತ್ತಗಾಗುತ್ತದೆ, ಇಲಿಯೂ ತಿನ್ನುತ್ತದೆ, ಮುಚ್ಚಳ ಬಿಗಿಯಾಗಿರುವ ಡಬ್ಬಿಯಲ್ಲಿಡಿ. ಮನೆಯಲ್ಲಿ ನಾಯಿ ಇದ್ದರೆ ಟ್ರೀಯ ಕೆಳಗಿನ ಕೊಂಬೆಗೆ ಮಾತ್ರ ಕಟ್ಟಬೇಡಿ, ಅಷ್ಟು ಉಪ್ಪು ತಿಂದರೆ ನಾಯಿಯ ಜೀವಕ್ಕೇ ಅಪಾಯ. ಹಿಂದೆ ಹೆಸರು, ವರ್ಷವನ್ನು ಹಸಿ ಇರುವಾಗಲೇ ಕಡ್ಡಿಯಿಂದ ಗೀಚಿ.